ಹಳೇ ರಸ್ತೆಯ ‘ಇಲ್ಲ’ ಪುಸ್ತಕ

ಕೆಲವು ವರ್ಷಗಳ ಹಿಂದೆ ನೀವು ಬೆಂಗಳೂರಿನಿಂದ ಮೈಸೂರಿಗೆ ಬಸ್ಸಿನಲ್ಲೋ ಕಾರಿನಲ್ಲೋ ಹೋಗಿದ್ದರೆ ನಮ್ಮ ಹೋಟೆಲ್ಲಿನ ಮುಂದೆ ಹಾದುಹೋಗಿಯೇ ಇರುತ್ತೀರಿ. ರಾಮನಗರದ ಬಂಡೆಗಳು ಹಿಂದೆ ಸರಿದು, ರಸ್ತೆಯ ಬದಿಯಲ್ಲಿ ಮರದ ಕುದುರೆಗಳು, ಬಣ್ಣದ ಗಾಡಿಗಳು ಸಾಲಾಗಿ ನಿಂತದ್ದು ಕಂಡರೆ ಚನ್ನಪಟ್ಟಣ ಬಂತು ಎಂದರ್ಥ. ಆ ಬೊಂಬೆ ಅಂಗಡಿಗಳ ಸಾಲು ಮುಗಿಯುವಲ್ಲಿ, ಹುಣಸೆಮರದ ಕೆಳಗೆ, ಆರು ಮೇಜಿನ ಹೋಟೆಲ್ ನಮ್ಮದು. ನಿಲ್ಲಿಸಿದ್ದಿರೋ ಇಲ್ಲವೋ ಗೊತ್ತಿಲ್ಲ. ನಿಲ್ಲಿಸಿದ್ದರೆ ಅಪ್ಪನ ಕೈ ಇಡ್ಲಿ ತಿಂದಿರುತ್ತೀರಿ.

2023ರ ಮಾರ್ಚ್ 12ರಂದು ದಶಪಥದ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಯಾವ ಊರಿನೊಳಗೂ ನುಗ್ಗದೆ ಹೋಗುವ ರಸ್ತೆ. ಬೆಂಗಳೂರಿನವರಿಗೆ ಖುಷಿಯಾಯಿತು, ಆಗಬೇಕಾದದ್ದೇ. ಮೊದಲು ಮೂರು ಗಂಟೆ ಹಿಡಿಯುತ್ತಿದ್ದ ದಾರಿ ಅದು. ಆದರೆ ಬೈಪಾಸ್ ತೆರೆದ ಮೇಲೆ ನಮ್ಮ ಬಿ.ಎಂ. ರಸ್ತೆ ಮಧ್ಯಾಹ್ನದ ಹೊತ್ತು ನಾಯಿ ಅಡ್ಡಡ್ಡ ಮಲಗುವಷ್ಟು ಖಾಲಿಯಾಯಿತು. ಭಾನುವಾರ ಮುನ್ನೂರು ಇಡ್ಲಿ ಬೇಯುತ್ತಿದ್ದ ಕಡೆ ಎಂಬತ್ತು ಹೋದರೆ ಹೆಚ್ಚು. ತಟ್ಟೆ ತೊಳೆಯಲು ಬರುತ್ತಿದ್ದ ಹುಡುಗನನ್ನು ಅಪ್ಪ ಬಿಡಿಸಿದರು. ಆಮೇಲೆ ಅಮ್ಮನ ಸರ ಗಿರವಿ ಅಂಗಡಿಗೆ ಹೋಯಿತು. ನನ್ನ ಎರಡನೇ ವರ್ಷದ ಬಿ.ಕಾಂ. ಫೀಸು ಅದರಲ್ಲೇ ಕಟ್ಟಿದ್ದು ಎಂದು ನನಗೆ ತಿಂಗಳಾದ ಮೇಲೆ ತಿಳಿಯಿತು. “ಯುಗಾದಿವರೆಗೂ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬೀಗ ಹಾಕಿ ಬಿಡದಿ ಕಡೆ ಯಾವುದಾದ್ರೂ ಫ್ಯಾಕ್ಟರಿ ಕ್ಯಾಂಟೀನಿಗೆ ಸೇರ್ಕೋತೀನಿ” ಎಂದು ಅಪ್ಪ ಹೇಳಿದ್ದು ದೀಪಾವಳಿಯ ಮಾರನೇ ದಿನ.

ಸರಿಯಾಗಿ ಅದೇ ವಾರ ಕಾಲೇಜಿನಲ್ಲಿ ಉದ್ಯಮಶೀಲತೆ ಪಾಠ ಮಾಡುವ ಮೇಡಂ ಒಂದು ಪ್ರಾಜೆಕ್ಟ್ ಕೊಟ್ಟರು: ನಿಮ್ಮ ಊರಿನಲ್ಲಿರುವ ವ್ಯಾಪಾರದ ಅವಕಾಶ ಗುರುತಿಸಿ ಬನ್ನಿ, ಇಪ್ಪತ್ತು ಅಂಕ. ನಾನು ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ. ಚನ್ನಪಟ್ಟಣದ ಬೊಂಬೆಗಳನ್ನು ಆನ್‌ಲೈನಿನಲ್ಲಿ ಮಾರುವುದು! ಬರೆದದ್ದಷ್ಟೇ ಅಲ್ಲ, ಫೋನಿನಲ್ಲಿ ಒಂದು ಪುಟ ತೆರೆದು ಪಕ್ಕದ ಅಂಗಡಿಯ ಬೊಂಬೆಗಳ ಫೋಟೋ ಹಾಕಿಯೂ ಬಿಟ್ಟೆ. ಮೂರು ವಾರಕ್ಕೆ ಒಂದೇ ಒಂದು ಆರ್ಡರ್ ಬಂತು. ನೂರ ಎಂಬತ್ತು ರೂಪಾಯಿಯ ಗಿಲಕಿಗೆ ಡಬ್ಬಿ, ಕೊರಿಯರ್ ಎಲ್ಲ ಸೇರಿ ಕೈಯಿಂದ ನಲವತ್ತು ಹೋಯಿತು. ಹುಡುಕಿ ನೋಡಿದರೆ ಅದೇ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುವವರು ಆಗಲೇ ಎಷ್ಟೋ ಜನ ಇದ್ದರು.

ಮೇಡಂ ನನ್ನ ಹಾಳೆ ಓದಿ ಬೈಯಲಿಲ್ಲ. “ನೀನು ದಿನಾ ಯಾವ ದಾರೀಲಿ ಕಾಲೇಜಿಗೆ ಬರ್ತೀಯ?” ಎಂದು ಕೇಳಿದರು. ರೈಲು ಎಂದೆ. “ಮದ್ದೂರು ಸ್ಟೇಷನ್ನಲ್ಲಿ ಏನು ಸಿಗುತ್ತೆ?” ವಡೆ ಎಂದೆ. ಇದನ್ನೆಲ್ಲ ಕೇಳುತ್ತಾರಲ್ಲ ಎಂದು ನಗು ಬಂತು. “ಅದು ಯಾಕೆ ಅಷ್ಟು ಚಪ್ಪಟೆ?” ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಕಥೆ ನಿಮಗೆ ಗೊತ್ತಿರಬಹುದು. ಸುಮಾರು ನೂರು ವರ್ಷದ ಹಿಂದೆ ಮದ್ದೂರು ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬುವರು ಪಕೋಡ ಕರಿಯುತ್ತಿದ್ದರಂತೆ. ಒಂದು ದಿನ ರೈಲು ಹೊತ್ತಿಗೆ ಮೊದಲೇ ಬಂದುಬಿಟ್ಟಿತಂತೆ. ಉಂಡೆ ಬೇಯಲು ಪುರುಸೊತ್ತಿಲ್ಲ. ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಇಷ್ಟು ವರ್ಷ ಕಿಟಕಿಯಿಂದ ಕೈಚಾಚಿ ಆ ವಡೆ ತಿಂದಿದ್ದೆ, ಒಂದು ದಿನವೂ ಅದರ ಆಕಾರದ ಬಗ್ಗೆ ಯೋಚಿಸಿರಲಿಲ್ಲ.

“ಐಡಿಯಾ ಬರೀಬೇಡ. ಒಂದು ನೋಟ್‌ಬುಕ್ ತಗೊಂಡು ನಿಮ್ಮ ಹೋಟೆಲ್ ಬಾಗಿಲಲ್ಲಿ ಕೂತ್ಕೋ. ಬಂದವರು ಏನು ಕೇಳಿ ‘ಇಲ್ಲ’ ಅನ್ನಿಸ್ಕೊಂಡು ಹೋಗ್ತಾರೋ ಅದನ್ನ ಮಾತ್ರ ಬರಿ” ಎಂದರು ಮೇಡಂ.

ಹಾಗೆ ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಹುಣಸೆಮರದ ಕೆಳಗೆ ಕೂತೆ. ಅಪ್ಪನಿಗೆ ಅದು ಸರಿಬರಲಿಲ್ಲ. “ಒಳಗೆ ಚಟ್ನಿ ರುಬ್ಬೋದು ಬಿಟ್ಟು ಅಲ್ಲಿ ಕೂತು ಗಾಡಿ ಎಣಿಸ್ತಾಳೆ” ಎಂದು ಅಮ್ಮನ ಹತ್ತಿರ ಗೊಣಗಿದ್ದು ಕೇಳಿಸಿತು.

ಮೊದಲ ಗಂಟೆಯಲ್ಲೇ ಒಂದು ವಿಷಯ ಕಣ್ಣಿಗೆ ಬಿತ್ತು. ರಸ್ತೆ ಖಾಲಿ ಎಂದು ನಾವು ಹೇಳುತ್ತಿದ್ದೆವಲ್ಲ, ಪೂರ್ತಿ ಖಾಲಿ ಇರಲಿಲ್ಲ. ಕಾರುಗಳಿಲ್ಲ, ನಿಜ. ಆದರೆ ಬೈಕು, ಸ್ಕೂಟರು ಬಿಟ್ಟೂ ಬಿಡದೆ ಬರುತ್ತಿದ್ದವು. 2023ರ ಆಗಸ್ಟ್ 1ರಿಂದ ದಶಪಥದ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರಾಕ್ಟರ್ ಓಡಿಸುವಂತಿಲ್ಲ ಎಂದು ಮಾಡಿದರು. ಅವರೆಲ್ಲ ಸರ್ವಿಸ್ ರಸ್ತೆಯಲ್ಲೋ ನಮ್ಮಂಥ ಊರುಗಳ ಒಳಗಿನಿಂದಲೋ ಹೋಗಬೇಕು. ಗಂಡ, ಹೆಂಡತಿ, ಟ್ಯಾಂಕಿನ ಮೇಲೆ ಟೋಪಿ ಹಾಕಿದ ಮಗು, ಪಕ್ಕದಲ್ಲಿ ತೂಗುವ ಅಕ್ಕಿಯದೋ ರಾಗಿಯದೋ ಚೀಲ. ಬೆಂಗಳೂರಿನಲ್ಲಿ ಕೆಲಸ, ಮಂಡ್ಯದ ಕಡೆ ಊರು. ನಾಲ್ಕು ಭಾನುವಾರ ಕೂತ ಮೇಲೆ ಇನ್ನೊಂದೂ ತಿಳಿಯಿತು: ಅವರಲ್ಲಿ ಅರ್ಧ ಮುಖಗಳು ಮತ್ತೆ ಮತ್ತೆ ಬರುವ ಮುಖಗಳೇ. ಹಿಂದೆ ಕಾರಿನಲ್ಲಿ ಬಂದವರು ಮತ್ತೆ ನಿಲ್ಲಿಸುತ್ತಿದ್ದರೋ ಇಲ್ಲವೋ ಹೇಳಲು ಆಗುತ್ತಿರಲಿಲ್ಲ. ಇವರು ಹದಿನೈದು ದಿನಕ್ಕೊಮ್ಮೆ, ಲೆಕ್ಕ ಹಾಕಿದ ಹಾಗೆ. ಹೋದವರನ್ನು ನೆನೆದು ಬೇಜಾರು ಮಾಡಿಕೊಳ್ಳುವುದರಲ್ಲಿ ನಾವು ಇವರನ್ನು ನೋಡಿರಲೇ ಇಲ್ಲ.

ಮೊದಲ ದಿನದ ಪುಟ ಈಗಲೂ ನನ್ನ ಹತ್ತಿರ ಇದೆ. ಬಾತ್‌ರೂಮ್ ಇದೆಯಾ, ಒಂಬತ್ತು ಸಲ. ಅಷ್ಟೂ ಹೆಂಗಸರು. ಮಗುವಿಗೆ ಖಾರ ಇಲ್ಲದ್ದು ಏನಾದರೂ, ಐದು ಸಲ. ಫೋನ್ ಚಾರ್ಜಿಗೆ ಹಾಕಬಹುದಾ, ನಾಲ್ಕು. ಬೊಂಬೆ ಮಾಡುವುದನ್ನು ಎಲ್ಲಿ ನೋಡಬಹುದು, ನಾಲ್ಕು. ಆಮೇಲೆ ಒಂದೇ ಸಲ ಬಂದ, ನಾನು ಕೆಳಗೆ ಗೆರೆ ಎಳೆದ ಪ್ರಶ್ನೆ: “ಇದಕ್ಕೆ ಒಂದು ಚಕ್ರ ಸಿಗುತ್ತೇನವ್ವ?”

ಕೇಳಿದ್ದು ಮಗನ ಸ್ಕೂಟರಿನ ಹಿಂದೆ ಕೂತು ಬಂದ ಒಬ್ಬ ಅಜ್ಜಿ. ಮಡಿಲಲ್ಲಿ, ಸೀರೆಯ ಸೆರಗಿನಲ್ಲಿ ಸುತ್ತಿದ ಮೂರು ಗಾಲಿಯ ಮರದ ಗಾಡಿ, ಮಕ್ಕಳು ಹಿಡಿದು ನಡೆ ಕಲಿಯುತ್ತಾರಲ್ಲ, ಅದು. ಮಗ ಚಿಕ್ಕವನಿದ್ದಾಗ ಇದೇ ಊರಿನಲ್ಲಿ ಕೊಂಡದ್ದಂತೆ. ಈಗ ಮೊಮ್ಮಗನಿಗೆ ತೆಗೆದರೆ ಒಂದು ಚಕ್ರವೇ ಇಲ್ಲ. ಎರಡು ಅಂಗಡಿಯಲ್ಲಿ ಕೇಳಿದರಂತೆ. ರಿಪೇರಿ ಮಾಡಲ್ಲ, ಹೊಸದು ತಗೊಳ್ಳಿ ಎಂದರಂತೆ. “ಹೊಸದು ಬ್ಯಾಡ ಕಣವ್ವ, ಇದ್ರಲ್ಲಿ ಇವ್ನು ನಡೆದವ್ನೆ” ಎಂದು ಬೆಳೆದ ಮಗನ ಕಡೆ ಕೈ ತೋರಿಸಿದರು. ಆತ ನಾಚಿಕೊಂಡು ಹೆಲ್ಮೆಟ್ ಹಾಕಿಕೊಂಡ. ಸಂಜೆ ಇದೇ ದಾರಿಯಲ್ಲಿ ವಾಪಸ್ ಬರುತ್ತೀರಲ್ಲ, ಬಿಟ್ಟು ಹೋಗಿ ಎಂದೆ. ಏನು ಧೈರ್ಯವೋ!

ಗಾಡಿ ಹಿಡಿದು ಕಲಾನಗರದ ಕಡೆ ನಡೆದೆ. ಇದೇ ಊರಿನಲ್ಲಿ ಹುಟ್ಟಿಯೂ ಆ ಬೀದಿಗೆ ನಾನು ಸರಿಯಾಗಿ ಹೋದದ್ದು ಅದೇ ಮೊದಲು ಎಂದರೆ ನೀವು ನಗಬಹುದು. ಮನೆಯೊಂದರಲ್ಲಿ ಟಿ.ವಿ. ಸದ್ದು ಕೇಳಿದರೆ ಪಕ್ಕದ ಮನೆಯಿಂದ ಲೇತ್ ತಿರುಗುವ ಸದ್ದು. ಹೊಸ್ತಿಲಿನವರೆಗೂ ಮರದ ಸುರುಳಿ ಹೊಟ್ಟು. ಅರಗು ಕಾದಾಗ ಬರುವ ಸಿಹಿ ಸುಟ್ಟ ವಾಸನೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಇಲ್ಲಿಗೆ ಬಂದ ಕೆಲಸ ಇದು ಎನ್ನುತ್ತಾರೆ. ಮುಂದೆ ಜಪಾನಿನ ವಿಧಾನ ತಿಳಿದು ಬಂದು ಊರಿನವರಿಗೆ ಕಲಿಸಿದ ಬಾವಾಸ್ ಮಿಯಾ ಅವರ ಹೆಸರನ್ನು ಹಳಬರು ಈಗಲೂ ಗೌರವದಿಂದ ಹೇಳುತ್ತಾರೆ.

ಬಾಗಿಲು ತೆರೆದಿದ್ದ ಒಂದು ಶೆಡ್ಡಿನಲ್ಲಿ ಬಿಳಿ ಗಡ್ಡದ ಚಾಚಾ ಒಬ್ಬರು ಗಾಡಿಯನ್ನು ತಿರುವಿ ನೋಡಿ, ಏನೂ ಕೇಳದೆ, ಬೆರಳಲ್ಲೇ ಅಳತೆ ತೆಗೆದರು. ಮೂಲೆಯಿಂದ ಆಲೆ ಮರದ ತುಂಡೊಂದು ಬಂತು. ಹಾಲಿನಂತೆ ಬೆಳ್ಳಗಿನ ಮರ. ತಿಂಗಳುಗಟ್ಟಲೆ ಒಣಗಿಸದೆ ಮುಟ್ಟುವ ಹಾಗಿಲ್ಲವಂತೆ, ಇಲ್ಲದಿದ್ದರೆ ಆಮೇಲೆ ಸೀಳುತ್ತದಂತೆ. ಲೇತಿಗೆ ಸಿಕ್ಕಿಸಿ ಉಳಿ ಮುಟ್ಟಿಸಿದರು. ರಿಬ್ಬನ್ನಿನಂಥ ಹೊಟ್ಟು ಹಾರಿ ನನ್ನ ತಲೆ ಮೇಲೆ ಬಿತ್ತು. ಚಕ್ರ ದುಂಡಗಾಯಿತು. ತಿರುಗುತ್ತಿರುವಾಗಲೇ ಅದಕ್ಕೆ ಹಳದಿ ಅರಗಿನ ಕಡ್ಡಿ ಒತ್ತಿ ಹಿಡಿದರು. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿತು, ಕುಂಚವಿಲ್ಲ, ಒಣಗಿಸುವುದಿಲ್ಲ. ಕೊನೆಗೆ ತಾಳೆಗರಿಯ ತುಂಡನ್ನು ಮಡಿಸಿ ಒತ್ತಿದರೆ ಕನ್ನಡಿ ಹೊಳಪು. ಹತ್ತು ನಿಮಿಷವೂ ಹಿಡಿಯಲಿಲ್ಲ. ಮೂವತ್ತು ರೂಪಾಯಿ ಎಂದರು.

“ಚಾಚಾ, ಇಷ್ಟು ಸುಲಭ ಇದ್ರೆ ರಿಪೇರಿ ಯಾಕೆ ಯಾರೂ ಮಾಡಲ್ಲ?”

“ಸುಲಭ ಏನಲ್ಲ ಮಗಳೇ” ಎಂದು ನಕ್ಕರು. “ಒಂದು ಚಕ್ರಕ್ಕೆ ಅಂತ ಮಿಷನ್ ನಿಲ್ಲಿಸಿದ್ರೆ ಕೈಯಲ್ಲಿರೋ ಆರ್ಡರ್ ಕೆಡುತ್ತೆ. ಮತ್ತೆ ಅದನ್ನ ಹಾಕಿ, ಬಣ್ಣ ಬದಲಾಯಿಸಿ... ಇವತ್ತು ಭಾನುವಾರ, ಆರ್ಡರ್ ಇಲ್ಲ, ಮಾಡಿಕೊಟ್ಟೆ. ಒಂದೊಂದಾಗಿ ತರಬೇಡ. ಹತ್ತು ಸೇರಿಸಿ ತಾ. ಶುಕ್ರವಾರ ನಮಾಜ್ ಮುಗಿಸಿ ಬಂದ ಮೇಲೆ ಒಂದು ಗಂಟೆ ನನಗೆ ಪುರುಸೊತ್ತು.”

ಮೂರು ವಾರ ಆನ್‌ಲೈನಿನಲ್ಲಿ ಹುಡುಕಿದ್ದು ಆ ಶೆಡ್ಡಿನಲ್ಲಿ ಸಿಕ್ಕಿತು. ಅಜ್ಜಿಗೆ ಚಕ್ರ ಬೇಕು, ಚಾಚಾಗೆ ಚಕ್ರ ಮಾಡಲು ಬರುತ್ತದೆ, ಆದರೆ ಅಜ್ಜಿ ಬರುವುದು ಭಾನುವಾರ ಬಿ.ಎಂ. ರಸ್ತೆಗೆ, ಚಾಚಾಗೆ ಬಿಡುವು ಶುಕ್ರವಾರ ಕಲಾನಗರದಲ್ಲಿ. ನಡುವೆ ಇಟ್ಟುಕೊಳ್ಳುವವರು ಒಬ್ಬರು ಬೇಕಿತ್ತು. ನಮ್ಮ ಹತ್ತಿರ ಖಾಲಿ ಮೇಜುಗಳಿಗೆ ಬರವಿರಲಿಲ್ಲ.

ಅಪ್ಪನನ್ನು ಒಪ್ಪಿಸುವುದು ಚಕ್ರ ಹಾಕಿದಷ್ಟು ಬೇಗ ಆಗಲಿಲ್ಲ. ಬೊಂಬೆ ರಿಪೇರಿಗೆ ಅವರು ಹೂಂ ಎಂದರು, ಬಾತ್‌ರೂಮಿಗೆ ಮಾತ್ರ ಜಗಳ. ಹೋಟೆಲ್ಲಿನ ಹಿಂದೆ ಸೌದೆ, ಖಾಲಿ ಎಣ್ಣೆ ಟಿನ್ನು ತುಂಬಿದ್ದ ಹಳೇ ಪಾಯಿಖಾನೆ ಒಂದಿತ್ತು. “ದುಡ್ಡು ಕೊಡದೆ ಬಂದು ಹೋಗೋರಿಗೆ ನೀರು ಯಾರು ಹೊರೋದು?” ಎಂದರು. ಅಮ್ಮ ಅಲ್ಲಿವರೆಗೂ ಸುಮ್ಮನಿದ್ದವಳು, “ಇಷ್ಟು ವರ್ಷ ನಾನು ಈ ಹೋಟ್ಲಲ್ಲಿ ಬೆಳಗಿಂದ ಸಂಜೆವರೆಗೂ ಎಲ್ಲಿಗೆ ಹೋಗ್ತಿದ್ದೆ ಅಂತ ಯಾವತ್ತಾದ್ರೂ ಕೇಳಿದೀರಾ?” ಎಂದಳು. ಅಪ್ಪ ಮಾತಾಡಲಿಲ್ಲ. ಮಾರನೇ ದಿನ ಸೌದೆ ಹೊರಗೆ ಬಂತು. ಗಾರೆಯವನ ಕೂಲಿ, ಹೊಸ ಚಿಲಕ, ಬಕೆಟ್, ಬಲ್ಬು ಎಲ್ಲ ಸೇರಿ ಎರಡು ಸಾವಿರದ ಏಳುನೂರು. ಕೀಲಿ ಅಮ್ಮನ ಸೊಂಟಕ್ಕೆ.

ಲೆಕ್ಕ ಬರೆಯದಿದ್ದರೆ ನಾನು ಕಾಮರ್ಸ್ ಓದಿ ಏನು ಫಲ! ಬಾತ್‌ರೂಮ್ ಕೇಳಿದ ಒಂಬತ್ತು ಮಂದಿಯಲ್ಲಿ ಮೊದಲು ಒಬ್ಬರೂ ಕೂರುತ್ತಿರಲಿಲ್ಲ. ಬೋರ್ಡು ಹಾಕಿದ ಎರಡನೇ ಭಾನುವಾರ ಹದಿನಾಲ್ಕು ಕುಟುಂಬ ನಿಲ್ಲಿಸಿತು, ಹನ್ನೊಂದು ಕುಟುಂಬ ಕೂತು ತಿಂಡಿ ತಿಂದಿತು. ಖಾರ ಇಲ್ಲದ್ದಕ್ಕೆ ಅಮ್ಮ ತುಪ್ಪ, ಸಕ್ಕರೆ ಹಾಕಿದ ಪುಟ್ಟ ಇಡ್ಲಿ ಶುರು ಮಾಡಿದಳು. ಮೊದಲ ಶುಕ್ರವಾರ ಚಾಚಾ ಹತ್ತಿರ ಏಳು ಸಾಮಾನು ಹೋದವು: ನಾಲ್ಕು ಚಕ್ರ, ರೈಲಿನ ಹೊಗೆಕೊಳವೆ ಒಂದು, ಗಿಲಕಿಯ ಹಿಡಿ, ತೂಗುಕುದುರೆಯ ಕಿವಿ. ಕುದುರೆ ಕಿವಿ ಲೇತಿನ ಕೆಲಸವಲ್ಲ ಎಂದು ಚಾಚಾ ವಾಪಸ್ ಕಳಿಸಿದರು. ಒಂದಕ್ಕೆ ಹತ್ತರಂತೆ ನಮಗೆ ಉಳಿದದ್ದು ಅರವತ್ತು ರೂಪಾಯಿ. ಅಪ್ಪ ಆ ಅರವತ್ತನ್ನು ಎಣಿಸಿ ನನ್ನ ಮುಖ ನೋಡಿದರು. ಆದರೆ ಬೊಂಬೆ ಬಿಟ್ಟುಹೋದವರು ತೆಗೆದುಕೊಳ್ಳಲು ಬರಲೇಬೇಕಲ್ಲ! ಬಂದ ಆರೂ ಮನೆಯವರು ದೋಸೆ ತಿಂದೇ ಹೋದರು.

ಮುನ್ನೂರು ಇಡ್ಲಿಯ ಕಾಲ ವಾಪಸ್ ಬಂದಿಲ್ಲ. ಭಾನುವಾರ ನೂರ ಎಪ್ಪತ್ತು, ಮಿಕ್ಕ ದಿನ ನೂರರ ಒಳಗೇ. ಸರ ಇನ್ನೂ ಗಿರವಿ ಅಂಗಡಿಯಲ್ಲೇ ಇದೆ. ಯುಗಾದಿ ಮಾತ್ರ ಕಳೆಯಿತು, ಬೀಗದ ಮಾತನ್ನು ಯಾರೂ ಎತ್ತಲಿಲ್ಲ. ಪ್ರಾಜೆಕ್ಟಿಗೆ ಇಪ್ಪತ್ತಕ್ಕೆ ಹದಿನಾಲ್ಕು ಬಂತು. ಮಾರುಕಟ್ಟೆಯ ಗಾತ್ರ ಬರೆದಿಲ್ಲ ಎಂದು ಮೇಡಂ ಕೆಂಪು ಇಂಕಿನಲ್ಲಿ ಹಾಕಿದ್ದರು.

ಪರೀಕ್ಷೆಯೆಂದು ಎರಡು ಭಾನುವಾರ ನಾನು ಹುಣಸೆಮರದ ಕೆಳಗೆ ಕೂರಲಿಲ್ಲ. ಮೂರನೇ ವಾರ ನೋಟ್‌ಬುಕ್ ತೆಗೆದರೆ ನನ್ನದಲ್ಲದ ಅಕ್ಷರ. ಇಡ್ಲಿ ಹಿಟ್ಟಿನ ಬೆರಳಚ್ಚಿನ ಪಕ್ಕದಲ್ಲಿ, ಅಪ್ಪನ ವಕ್ರ ಕೈಬರಹ: “ಹೆಲ್ಮೆಟ್ ಇಡಕ್ಕೆ ಜಾಗ ಕೇಳಿದ್ರು. 6 ಜನ. ಇಲ್ಲ ಅಂದೆ.” ತಲೆ ಎತ್ತಿ ನೋಡಿದೆ. ಗೋಡೆಯ ಉದ್ದಕ್ಕೂ ಹೊಸ ಮರದ ಗೂಟಗಳು, ಹಳದಿ ಒಂದು, ಕೆಂಪು ಒಂದು. ತಾಳೆಗರಿಯ ಹೊಳಪು ಕಂಡಾಗಲೇ ಗೊತ್ತಾಯಿತು, ಅಪ್ಪ ಯಾರ ಹತ್ತಿರ ಹೋಗಿ ಬಂದಿದ್ದಾರೆ ಎಂದು.