ಖುಷ್ಕಿ ಜಮೀನಿನ ಫುಟ್‌ಬಾಲ್

ನಾನು ಲೀಡ್ಸ್ ಯುನೈಟೆಡ್ ಫ್ಯಾನ್ ಅಂದ್ರೆ ನಮ್ಮ ಆಫೀಸಿನಲ್ಲಿ ಎರಡು ಥರದ ಜನ ಸಿಗ್ತಾರೆ. ಮೊದಲನೆಯವರು "ಓ, ಮ್ಯಾಂಚೆಸ್ಟರಾ?" ಅಂತ ಕೇಳೋರು. ಇನ್ನೊಬ್ಬರು ಸ್ವಲ್ಪ ತಿಳಿದವರು, "ಅದು ಇನ್ನೂ ಇದೆಯಾ?" ಅನ್ನೋರು. ಇದೆ ಸ್ವಾಮಿ, ಇದೆ. 2019ರಲ್ಲಿ ಅದು ಇದ್ದದ್ದು ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗಿನಲ್ಲಿ, ಅಂದ್ರೆ ಚಾಂಪಿಯನ್‌ಶಿಪ್‌ನಲ್ಲಿ. 2004ರಲ್ಲಿ ಪ್ರೀಮಿಯರ್ ಲೀಗಿನಿಂದ ಕೆಳಗೆ ಬಿದ್ದದ್ದು ಅಲ್ಲಿವರೆಗೂ ಮೇಲೆ ಹತ್ತಿರಲಿಲ್ಲ. ಆ ವರ್ಷ ಹತ್ತೇಬಿಡ್ತು ಅಂದ್ಕೊಂಡಿದ್ವಿ. ಹತ್ತಲಿಲ್ಲ.

ಗೊತ್ತಿಲ್ಲದವರಿಗೆ ಲೆಕ್ಕ ಹೇಳಿಬಿಡ್ತೀನಿ. ಚಾಂಪಿಯನ್‌ಶಿಪ್‌ನಲ್ಲಿ 24 ತಂಡ, ಒಂದೊಂದಕ್ಕೆ 46 ಮ್ಯಾಚು. ಮೊದಲ ಎರಡು ತಂಡ ಸೀದಾ ಪ್ರೀಮಿಯರ್ ಲೀಗಿಗೆ. ಮೂರರಿಂದ ಆರನೇ ಸ್ಥಾನದವರೆಗಿನ ನಾಲ್ಕು ತಂಡ ಉಳಿದ ಒಂದು ಜಾಗಕ್ಕೆ ಆಗ ಪ್ಲೇಆಫ್ ಅಂತ ಹೊಡೆದಾಡಬೇಕಿತ್ತು. ಆ ಒಂದು ಜಾಗದ ಬೆಲೆ 2019ರಲ್ಲಿ ಕನಿಷ್ಠ 17 ಕೋಟಿ ಪೌಂಡ್ ಅಂತ ಡೆಲಾಯ್ಟ್‌ನವರು ಅಂದಾಜು ಮಾಡಿದ್ದರು. ನಮ್ಮ ಆಗಿನ ಲೆಕ್ಕದಲ್ಲಿ ಸುಮಾರು 1,500 ಕೋಟಿ ರೂಪಾಯಿ. ಮೇಲಿನಿಂದ ಹೊಸದಾಗಿ ಕೆಳಗೆ ಬಿದ್ದ ಕ್ಲಬ್ಬುಗಳಿಗೆ ಒಂದೆರಡು ವರ್ಷ, ಕೆಲವಕ್ಕೆ ಮೂರು ವರ್ಷ, ಪ್ಯಾರಾಚೂಟ್ ಪೇಮೆಂಟ್ ಅಂತ ದುಡ್ಡು ಬರುತ್ತೆ. ಆ ಹೊತ್ತಿಗೆ ಹದಿನೈದು ವರ್ಷದ ಹಿಂದೆ ಬಿದ್ದಿದ್ದ ನಮ್ಮಂಥವರಿಗೆ ಅದೂ ಇರಲಿಲ್ಲ.

ನಮ್ಮೂರು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ನಾಲೆ ಇಲ್ಲ, ಹೊಳೆ ಇಲ್ಲ. ಒಂದಿಷ್ಟು ತೆಂಗು, ಉಳಿದದ್ದು ಖುಷ್ಕಿ. ರಾಗಿ ಬಿತ್ತಬೇಕು, ಆಕಾಶ ನೋಡಬೇಕು. ಮಂಡ್ಯದ ನೆಂಟರ ಮನೆಗೆ ಹೋದಾಗ ಗದ್ದೆ ಬದಿಯಲ್ಲಿ ನೀರು ಹರಿಯೋದನ್ನ ನೋಡಿ, ಇವರಿಗೆ ರಾತ್ರಿ ಎಷ್ಟು ಚೆನ್ನಾಗಿ ನಿದ್ದೆ ಬರಬಹುದು ಅಂತ ಚಿಕ್ಕಂದಿನಲ್ಲೇ ಅನ್ಸಿತ್ತು. ನಮ್ಮೂರಲ್ಲಿ ಆಟ ಅಂದ್ರೆ ವಾಲಿಬಾಲು, ಕಬಡ್ಡಿ. ಫುಟ್‌ಬಾಲ್ ಮ್ಯಾಚನ್ನ ನಾನು ಮೈದಾನದಲ್ಲಿ ಕೂತು ನೋಡಿದ್ದೇ ಮೂವತ್ತು ದಾಟಿದ ಮೇಲೆ. 2018ರ ಜನವರಿಯಲ್ಲಿ ಕಂಪನಿ ಆನ್‌ಸೈಟ್ ಅಂತ ಲೀಡ್ಸಿಗೆ ಕಳಿಸ್ತು. ಕ್ಲೈಂಟ್ ಕಡೆ ಡೇಟಾಬೇಸ್ ನೋಡ್ಕೊಳ್ಳೋ ಹಿರಿಯರೊಬ್ಬರಿದ್ದರು. ಅವರ ಮಗ ಲಂಡನ್ನಿಗೆ ಹೋಗಿದ್ದರಿಂದ ಅವನ ಸೀಟು ಖಾಲಿ ಇತ್ತು. ಆಗಸ್ಟ್ 5ರಂದು ಸ್ಟೋಕ್ ಸಿಟಿ ಮೇಲೆ ಮ್ಯಾಚು, ಬಾ ಅಂದ್ರು. ಸ್ಟೋಕ್ ಆಗ ತಾನೇ ಪ್ರೀಮಿಯರ್ ಲೀಗಿನಿಂದ ಇಳಿದಿದ್ದ ಕ್ಲಬ್ಬು, ನಾಲೆ ನೀರಿನ ಗಿರಾಕಿ. 3-1ರಲ್ಲಿ ಸೋಲಿಸಿದ್ವಿ. ಹೌದು, ಅವತ್ತೇ "ಸೋಲಿಸಿದ್ವಿ" ಅನ್ನೋಕೆ ಶುರು ಮಾಡಿದ್ದೆ.

ಎಲಂಡ್ ರೋಡಿನಿಂದ ವಾಪಸ್ ನಡ್ಕೊಂಡು ಬರುವಾಗ ಹಿರಿಯರು ಹಳೇ ಕಥೆ ಹೇಳಿದರು. 2001ರಲ್ಲಿ ಲೀಡ್ಸ್ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್‌ವರೆಗೂ ಹೋಗಿತ್ತಂತೆ. ಪ್ರತಿ ವರ್ಷವೂ ಹಿಂಗೇ ಆಗುತ್ತೆ, ಆ ದುಡ್ಡು ಬಂದೇ ಬರುತ್ತೆ ಅಂತ ಮುಂದಿನ ಆದಾಯ ನಂಬಿ ಸಾಲ ತಂದ್ರು. ಮುಂದಿನ ವರ್ಷ ಆ ಟೂರ್ನಿಗೆ ಅರ್ಹತೆಯೇ ಸಿಗಲಿಲ್ಲ. ಒಬ್ಬೊಬ್ಬರನ್ನಾಗಿ ಒಳ್ಳೇ ಆಟಗಾರರನ್ನ ಮಾರಿದ್ರು. 2004ರಲ್ಲಿ ಕೆಳಗೆ ಬಿದ್ದರು, ಅದೇ ವರ್ಷ ಸ್ಟೇಡಿಯಮ್ಮನ್ನೂ ಮಾರಿದ್ರು. 2007ರಲ್ಲಿ ಮೂರನೇ ದರ್ಜೆಗೂ ಜಾರಿ, ಅಲ್ಲಿಂದ ಎದ್ದು ಬರೋಕೆ ಮೂರು ವರ್ಷ ಬೇಕಾಯ್ತು. ಸ್ಟೇಡಿಯಂ ಮತ್ತೆ ಕ್ಲಬ್ಬಿನ ಕೈಗೆ ಬಂದಿದ್ದು 2017ರಲ್ಲಿ.

ನಂಗೆ ಇದನ್ನ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೆಚ್ಚೂ ಕಡಿಮೆ ಅದೇ ವರ್ಷಗಳಲ್ಲಿ ನಮ್ಮನೇಲಿ ಮೂರು ಬೋರ್‌ವೆಲ್ ಕೊರೆಸಿದ್ರು. ಮೊದಲನೇದು ಎರಡು ವರ್ಷ ನೀರು ಕೊಡ್ತು. ಅದನ್ನ ನಂಬಿ ತೋಟ ಹೆಚ್ಚು ಮಾಡಿದ್ರು. ಅದು ಬತ್ತಿದ ಮೇಲೆ ಎರಡನೇದು, ಮೂರನೇದು. ಎರಡರಲ್ಲೂ ಬರೀ ಧೂಳು. ಅವ್ವನ ಸರ ಹೋಯ್ತು, ರಸ್ತೆ ಪಕ್ಕದ ಒಂದೆಕರೆ ಹೋಯ್ತು. ಅಪ್ಪ ಮತ್ತೆ ರಾಗಿಗೆ ಬಂದ್ರು.

ಇನ್ನು 2018-19ರ ಸೀಸನ್ನಿನ ವಿಷಯಕ್ಕೆ ಬರ್ತೀನಿ. ಅದರ ಹಿಂದಿನ ವರ್ಷ ಇದೇ ತಂಡ 13ನೇ ಸ್ಥಾನದಲ್ಲಿ ಮುಗಿಸಿತ್ತು. ಅರ್ಜೆಂಟೀನಾದ ಮಾರ್ಸೆಲೊ ಬಿಯೆಲ್ಸಾ ಕೋಚ್ ಆಗಿ ಬಂದ್ರು. ಹೊಸಬರು ಬಂದಿದ್ದು ಬೆರಳೆಣಿಕೆಯಷ್ಟು ಜನ. ಕೂಪರ್, ಡಲ್ಲಾಸ್, ಏಲಿಂಗ್, ಕ್ಲಿಕ್, ಲೀಡ್ಸಿನಲ್ಲೇ ಹುಟ್ಟಿ ಬೆಳೆದ ಕ್ಯಾಲ್ವಿನ್ ಫಿಲಿಪ್ಸ್, ಎಲ್ಲ ಹಳಬರೇ. ಅದೇ ಹೊಲ, ಅದೇ ಬೀಜ, ಉಳುಮೆ ಮಾತ್ರ ಬೇರೆ. ನೋಡನೋಡ್ತಾ ತಂಡ ಟೇಬಲ್ಲಿನ ಮೇಲಕ್ಕೆ ಬಂತು. ಡಿಸೆಂಬರ್ 23ಕ್ಕೆ ಆಸ್ಟನ್ ವಿಲ್ಲಾ ವಿರುದ್ಧ ಎರಡು ಗೋಲು ಹಿಂದಿದ್ದು, ಹೆಚ್ಚುವರಿ ನಿಮಿಷಗಳಲ್ಲಿ 3-2 ಗೆಲುವು. ಮೂರು ದಿನ ಬಿಟ್ಟು ಬ್ಲ್ಯಾಕ್‌ಬರ್ನ್ ಮೇಲೂ ಅದೇ ಥರ, ಅದೇ 3-2. ಎರಡೂ ಸಲ ಕೊನೇ ಗೋಲು ಕೆಮಾರ್ ರೂಫ್‌ದು. ಆ ವಾರ ಆಫೀಸಿನಲ್ಲಿ ಸರ್ವರ್ ಬಿದ್ದರೂ ಹಿರಿಯರು ನಗ್ತಾ ಇದ್ರು.

ಈ ಬಿಯೆಲ್ಸಾ ಅನ್ನೋ ಮನುಷ್ಯ ವೆದರ್ಬಿ ಅನ್ನೋ ಸಣ್ಣ ಪಟ್ಟಣದಲ್ಲಿ, ಮಿಠಾಯಿ ಅಂಗಡಿಯ ಮೇಲಿನ ಪುಟ್ಟ ಮನೇಲಿದ್ರು. ಮ್ಯಾಚಿನ ದಿನ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಆಟ ನೋಡ್ತಿದ್ರು. ಬಂದ ಹೊಸದರಲ್ಲಿ, ಒಂದು ಟಿಕೆಟ್ ಕೊಳ್ಳೋಕೆ ಇಲ್ಲಿನ ಸಾಮಾನ್ಯ ಜನ ಎಷ್ಟು ಹೊತ್ತು ದುಡೀಬೇಕು ಅಂತ ವಿಚಾರಿಸಿದ್ರಂತೆ. ಸುಮಾರು ಮೂರು ಗಂಟೆ ಅಂತ ಉತ್ತರ ಬಂತು. ಆಟಗಾರರನ್ನೆಲ್ಲ ಕರೆದು ಟ್ರೇನಿಂಗ್ ಮೈದಾನದ ಸುತ್ತ ಮೂರು ಗಂಟೆ ಕಸ ಹೆಕ್ಕಿಸಿದ್ರು.

ಜನವರಿಯಲ್ಲಿ ಇದೇ ಮನುಷ್ಯ ಎದುರಾಳಿ ಡರ್ಬಿ ಕೌಂಟಿ ಹೇಗೆ ಪ್ರಾಕ್ಟೀಸ್ ಮಾಡುತ್ತೆ ಅಂತ ಬೇಲಿ ಹೊರಗಿಂದ ನೋಡೋಕೆ ಆಳು ಕಳಿಸಿ ಸಿಕ್ಕಿಬಿದ್ರು. ದೊಡ್ಡ ಗಲಾಟೆ. ಪತ್ರಕರ್ತರನ್ನ ಕರೆಸಿ, ಎಪ್ಪತ್ತು ನಿಮಿಷದ ಪವರ್‌ಪಾಯಿಂಟ್ ತೋರಿಸಿ, ಎಲ್ಲ ಎದುರಾಳಿಗಳ ಪ್ರಾಕ್ಟೀಸೂ ನೋಡಿಸಿದ್ದೀನಿ ಅಂತ ತಾವೇ ಹೇಳಿದ್ರು. ಎರಡು ಲಕ್ಷ ಪೌಂಡ್ ದಂಡ ಬಿತ್ತು, ಕೈಯಿಂದಲೇ ಕಟ್ಟಿದ್ರು. ಬೇಲಿ ಇಣುಕಿದ್ದನ್ನ ನಾನು ಸಮರ್ಥಿಸಲ್ಲ. ಆದರೆ ಅವತ್ತು ಅವರು ಹೇಳಿದ ಒಂದು ವಿಷಯ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಇಷ್ಟೆಲ್ಲ ಮಾಹಿತಿಯಿಂದ ಗೆಲ್ತೀವಿ ಅಂತೇನಿಲ್ಲ, ಮಾಡದಿದ್ರೆ ಮನಸ್ಸಿಗೆ ಸಮಾಧಾನ ಇರಲ್ಲ ಅಂತ. ಬೆಳಗ್ಗೆ ಎದ್ದು ಹೊಲದ ಕಡೆ ಒಂದು ಸುತ್ತು ಹೋಗಿ ಬರೋ ಅಪ್ಪನಿಗೆ ಇದು ಅರ್ಥ ಆಗುತ್ತೆ. ಅವರು ನೋಡಿದ್ರೆ ಮಳೆ ಬರುತ್ತಾ? ನೋಡದೇ ಇರೋಕಾಗಲ್ಲ, ಅಷ್ಟೇ.

ಮಾರ್ಚಿನಲ್ಲಿ ಪ್ರಾಜೆಕ್ಟ್ ಮುಗಿದು ಬೆಂಗಳೂರಿಗೆ ವಾಪಸ್ ಬಂದೆ. ಏಪ್ರಿಲ್ 13ಕ್ಕೆ ನಾಲ್ಕು ಮ್ಯಾಚು ಬಾಕಿ, ನಾವು ಎರಡನೇ ಸ್ಥಾನದಲ್ಲಿ, ಹಿಂದಿದ್ದ ಶೆಫೀಲ್ಡ್ ಯುನೈಟೆಡ್‌ಗಿಂತ ಮೂರು ಪಾಯಿಂಟ್ ಮುಂದೆ. ಕೊಯ್ಲಿಗೆ ಬಂದ ರಾಗಿ ಅದು, ಕುಡುಗೋಲು ಹಾಕೋದಷ್ಟೇ ಬಾಕಿ. ಆ 18ರಂದು ಲೋಕಸಭೆಗೆ ಓಟು ಹಾಕೋಕೆ ಊರಿಗೆ ಹೋಗಿದ್ದೆ. ಮಾರನೇ ದಿನ ಗುಡ್ ಫ್ರೈಡೇ, ರಾತ್ರಿ ಏಳೂವರೆಗೆ ವಿಗನ್ ಮೇಲೆ ಮ್ಯಾಚು. ಸಿಗ್ನಲ್ ಸಿಗೋದು ತಾರಸಿ ಮೇಲೆ ಮಾತ್ರ. ಅಪ್ಪನೂ ಗಾಳಿಗೆ ಅಂತ ಚಾಪೆ ಹಾಕ್ಕೊಂಡು ಮಲಗಿದ್ರು. ಹದಿನಾಲ್ಕನೇ ನಿಮಿಷಕ್ಕೇ ವಿಗನ್‌ನವನೊಬ್ಬನಿಗೆ ರೆಡ್ ಕಾರ್ಡ್. ನಮಗೆ ಪೆನಾಲ್ಟಿ ಸಿಕ್ತು, ಗೋಲಾಗಲಿಲ್ಲ. ಆಮೇಲೆ ಗೋಲು ಹೊಡೆದು ಮುಂದಾದ್ವಿ. ಕೊನೆಗೆ 1-2ಕ್ಕೆ ಸೋತ್ವಿ.

"ಹತ್ತೇ ಜನ ಇದ್ದದ್ದು ಯಾರ ಕಡೆ?" ಅಪ್ಪ ಕೇಳಿದ್ರು.

"ಅವರ ಕಡೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೊಯ್ಲು ಹೊತ್ನಲ್ಲಿ ಮಳೆ ಹಿಡ್ದಂಗಾತು ಬುಡು," ಅಂದ್ರು.

ಮೂರು ದಿನ ಬಿಟ್ಟು ಬ್ರೆಂಟ್‌ಫರ್ಡ್‌ನಲ್ಲಿ 0-2. ಕೊನೇ ದಿನ, ಅದಾಗಲೇ ಮೂರನೇ ದರ್ಜೆಗೆ ಬಿದ್ದಿದ್ದ ಇಪ್ಸ್‌ವಿಚ್ ಕೈಲೂ 2-3. ನಾಲ್ಕು ಮ್ಯಾಚಿನಲ್ಲಿ 12 ಪಾಯಿಂಟ್ ಇತ್ತು, ಸಿಕ್ಕಿದ್ದು ಒಂದು. 83 ಪಾಯಿಂಟಿನಲ್ಲಿ ಮೂರನೇ ಸ್ಥಾನ. ಶೆಫೀಲ್ಡ್ 89ಕ್ಕೆ ಹತ್ತಿಹೋಯ್ತು. ಬೈಬೇಕಾದ್ದನ್ನ ಬೈತೀನಿ: ಮೊದಲ ಸ್ಥಾನದ ನಾರ್ವಿಚ್ 93 ಗೋಲು ಹೊಡೀತು, ನಾವು 73. ಅವಕಾಶ ಸೃಷ್ಟಿ ಮಾಡೋದ್ರಲ್ಲಿ ನಾವು ಯಾರಿಗೂ ಕಮ್ಮಿ ಇರಲಿಲ್ಲ, ಒಳಗೆ ಹಾಕೋರಿರಲಿಲ್ಲ. ತಂಡ ಚಿಕ್ಕದು. ಜನವರಿ ಕೊನೇ ರಾತ್ರಿ ಸ್ವಾನ್ಸಿಯ ಡ್ಯಾನ್ ಜೇಮ್ಸ್ ಎಲಂಡ್ ರೋಡಿಗೇ ಬಂದು ಕೂತಿದ್ದರೂ ವ್ಯವಹಾರ ಮುರಿದುಬಿತ್ತು. ಇಡೀ ವರ್ಷ ಅದೇ ಹದಿನಾಲ್ಕು ಹದಿನೈದು ಜನ ಓಡಿ ಓಡಿ ಏಪ್ರಿಲ್ ಹೊತ್ತಿಗೆ ಕಾಲು ಸೋತಿದ್ರು. ರಿಲೀಸ್ ವಾರದಲ್ಲಿ ಒಂದೇ ಟೀಮನ್ನ ಹಗಲೂ ರಾತ್ರಿ ದುಡಿಸಿದ್ರೆ ಏನಾಗುತ್ತೆ ಅಂತ ಇದನ್ನ ಓದ್ತಿರೋ ನಿಮಗೆ ನಾನು ಹೇಳಬೇಕಿಲ್ಲ.

ಇದರ ನಡುವೆ ಏಪ್ರಿಲ್ 28. ಎದುರಾಳಿ ಮತ್ತೆ ಆಸ್ಟನ್ ವಿಲ್ಲಾ. 72ನೇ ನಿಮಿಷ, 0-0. ವಿಲ್ಲಾದ ಒಬ್ಬ ಆಟಗಾರ ಏಟು ತಿಂದು ಬಿದ್ದಿದ್ದ. ನಮ್ಮವರು ಚೆಂಡನ್ನ ಹೊರಗೆ ಹಾಕ್ತಾರೆ ಅಂತ ವಿಲ್ಲಾದವರು ನಿಂತುಬಿಟ್ರು. ನಮ್ಮವರು ಹಾಕಲಿಲ್ಲ, ಕ್ಲಿಕ್ ಗೋಲು ಹೊಡೆದ. ರೂಲ್ ಪ್ರಕಾರ ತಪ್ಪೇನಿಲ್ಲ, ರೆಫರಿ ಸೀಟಿ ಊದಿರಲಿಲ್ಲ. ಮೈದಾನದಲ್ಲಿ ತಳ್ಳಾಟ, ಕೂಗಾಟ. ಆಗ ಬಿಯೆಲ್ಸಾ ಗೆರೆ ಹತ್ತಿರ ಬಂದು, ಅವರಿಗೊಂದು ಗೋಲು ಕೊಟ್ಟುಬಿಡಿ ಅಂತ ಕೂಗಿದ್ರು. ಆಟ ಶುರುವಾದಾಗ ನಮ್ಮವರು ಸುಮ್ಮನೆ ನಿಂತ್ರು. ವಿಲ್ಲಾದ ಅಡೋಮಾ ಚೆಂಡು ತಗೊಂಡು ಹೋಗಿ ಹಾಕಿದ. ನಮ್ಮ ಡಿಫೆಂಡರ್ ಯಾನ್ಸನ್ ಒಬ್ಬ ಮಾತ್ರ ತಡೆಯೋಕೆ ನೋಡಿದ. 1-1. ಅಲ್ಲಿಗೆ ಶೆಫೀಲ್ಡ್ ಮೇಲೆ ಹೋಗೋದು ಅಧಿಕೃತವಾಯ್ತು.

ಆಫೀಸಿನಲ್ಲಿ ಇದರ ಬಗ್ಗೆ ಎರಡು ವಾದ ಕೇಳಿದೆ. ಒಂದು, ಇಂಥ ದೊಡ್ಡತನಕ್ಕೆ ಹೋಗೇ ನೀವು ಅಲ್ಲೇ ಕೊಳೀತಿರೋದು. ಇನ್ನೊಂದು, ಹೆಂಗಿದ್ರೂ ಗೋಲು ಅಂತರದಲ್ಲಿ ಶೆಫೀಲ್ಡನ್ನ ಹಿಡಿಯೋಕೆ ಪವಾಡವೇ ಬೇಕಿತ್ತು, ಕಳ್ಕೊಳ್ಳೋಕೆ ಏನೂ ಇಲ್ಲದಾಗ ಧರ್ಮರಾಯನಾಗೋದು ಸುಲಭ. ನಂಗೆ ಎರಡೂ ಒಪ್ಪಿಗೆಯಾಗಲ್ಲ. ಉಳುವಾಗ ಪಕ್ಕದವನ ಬದುವನ್ನ ವರ್ಷಕ್ಕೆ ನಾಲ್ಕು ಬೆರಳಿನಷ್ಟು ತಿಂತಾ ಹೋಗೋರು ಪ್ರತಿ ಊರಲ್ಲೂ ಇದ್ದಾರೆ. ಯಾವ ಸರ್ವೆಯವನಿಗೂ ಅದು ಗೊತ್ತಾಗಲ್ಲ. ನಮ್ಮಪ್ಪ ಬದುವಿಗೆ ಒಂದು ಗೇಣು ಇರುವಾಗಲೇ ಎತ್ತು ತಿರುಗಿಸೋರು. ಬೋರ್‌ವೆಲ್ ಸಾಲದಲ್ಲಿ ಮುಳುಗಿದ್ದ ವರ್ಷವೂ ಹಂಗೇ ತಿರುಗಿಸಿದ್ರು. ಆ ಗೇಣು ಜಾಗದಲ್ಲಿ ಸಾಲ ತೀರುತ್ತಿರಲಿಲ್ಲ, ನಿಜ. ಹಾಗಂತ ಅದು ಸುಲಭವಾಗಿತ್ತು ಅಂತ ನಾನು ಹೇಳಲಾರೆ.

ಪ್ಲೇಆಫ್ ಕಥೆ ಚಿಕ್ಕದಾಗಿ ಮುಗಿಸ್ತೀನಿ, ಇನ್ನೂ ಹಸಿ ಗಾಯ. ಎದುರಾಳಿ ಅದೇ ಡರ್ಬಿ. ಅವರ ಮನೆಯಲ್ಲಿ 1-0 ಗೆದ್ವಿ. ಮೇ 15ಕ್ಕೆ ಎಲಂಡ್ ರೋಡಿನಲ್ಲಿ, ನಮಗೆ ಮಧ್ಯರಾತ್ರಿ ಹನ್ನೆರಡೂಕಾಲಿಗೆ, ಎರಡನೇ ಮ್ಯಾಚು. ಡಲ್ಲಾಸ್ ಗೋಲು ಹೊಡೆದಾಗ ಒಟ್ಟು 2-0. ವಿರಾಮಕ್ಕೆ ಸ್ವಲ್ಪ ಮುಂಚೆ ನಮ್ಮ ಗೋಲ್‌ಕೀಪರ್ ಕಸಿಯಾ ಗೋಲು ಬಿಟ್ಟು ಮುಂದಕ್ಕೆ ಓಡಿಬಂದು ನಮ್ಮ ಕ್ಯಾಪ್ಟನ್ನಿಗೇ ಡಿಕ್ಕಿ ಹೊಡೆದ. ಖಾಲಿ ಗೋಲಿಗೆ ಅವರು ಚೆಂಡು ಹಾಕಿದ್ರು. ಆಮೇಲೆ ಎಲ್ಲ ಕುಸೀತು. ಆ ರಾತ್ರಿ 2-4, ಒಟ್ಟು 3-4. ಬೆಳಗ್ಗೆ ಒಂಬತ್ತಕ್ಕೆ ಸ್ಟ್ಯಾಂಡಪ್ ಮೀಟಿಂಗ್ ಇತ್ತು. ಲೀಡ್ಸಿನ ಹಿರಿಯರಿಂದ ಮೆಸೇಜ್ ಬಂದಿತ್ತು: ಬರೋ ವರ್ಷ ನೋಡೋಣ, ನಿನ್ನ ಸೀಟು ಇಟ್ಟಿರ್ತೀನಿ.

"ಬರೋ ವರ್ಷ" ಅನ್ನೋ ಈ ಮಾತನ್ನ ಹೊಗಳಿ ಬರೆದು ಮುಗಿಸೋಣ ಅಂತಿದ್ದೆ. ಖುಷ್ಕಿಯವರ ಛಲ, ಹಿಂಗೆ ಹಂಗೆ ಅಂತ. ಹೋದ ವಾರ ಊರಿಗೆ ಹೋದಾಗ ತಮ್ಮ ಅದಕ್ಕೆ ಕಲ್ಲು ಹಾಕಿದ. ಹೋದ ವರ್ಷ ನಮ್ಮ ಕಡೆ ಮಳೆ ಕೈಕೊಟ್ಟಿತ್ತು, ರಾಗಿ ಮನೆ ಖರ್ಚಿಗೂ ಆಗಲಿಲ್ಲ. ಆನ್‌ಸೈಟಿನಲ್ಲಿ ಉಳಿಸಿದ ದುಡ್ಡಿನಲ್ಲಿ ಸಾವಿರ ಅಡಿ ಬೋರ್ ಕೊರೆಸಿ ಅಡಿಕೆ ಹಾಕೋಣ ಅನ್ನೋದು ಅವನ ಲೆಕ್ಕ. ಬೇಡ, ಕೃಷಿ ಹೊಂಡ ತೆಗೆಸೋಣ, ಬಿದ್ದ ಮಳೆ ನಿಲ್ಲಿಸಿಕೊಂಡ್ರೆ ಸಾಕು ಅಂತ ನಾನಂದೆ. ಲೀಡ್ಸ್ ಮುಳುಗಿದ ಕಥೆಯನ್ನೂ ಹೇಳಿದೆ.

"ಅಣ್ಣ, ನಿಂಗೇನು," ಅಂದ. "ತಿಂಗ್ಳಾ ತಿಂಗ್ಳಾ ನಾಲೆ ನೀರು ಬಿಟ್ಟಂಗೆ ಸಂಬ್ಳ ಬತ್ತದೆ. ನೀನು ಬೆಂಗ್ಳೂರಲ್ಲಿ ಕುಂತ್ಕಂಡು ಸೋತ್ರೂ ಚೆಂದ ಅನ್ನಬೋದು. ಇಲ್ಲಿ ಸೋತ್ರೆ ಉಣ್ಣಕ್ಕಿರಲ್ಲ."

ನಂಗೆ ಮಾತು ಹೊರಡಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೇನಿದೆ? ಲೀಡ್ಸ್ ಸೋತ ಬೆಳಗ್ಗೆ ನಂಗೆ ನಷ್ಟವಾಗಿದ್ದು ಒಂದು ರಾತ್ರಿ ನಿದ್ದೆ. ಆದರೆ ಬೋರ್‌ವೆಲ್ ಬತ್ತಿದ ವರ್ಷ ಅವ್ವನ ಬರಿದಾದ ಕೊರಳನ್ನೂ ನಾನು ನೋಡಿದ್ದೀನಿ, ಆಗ ಅವನಿನ್ನೂ ಚಿಕ್ಕವನು. ಎರಡೂ ದಿನ ನಾವಿಬ್ಬರೂ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಅಪ್ಪನೇ ನಡುವೆ ಬಂದು, ಈ ವರ್ಷ ಹೊಂಡ, ಅದರಲ್ಲಿ ನೀರು ನಿಂತದ್ದನ್ನ ನೋಡಿ ಮುಂದಿನ ಮಾತು ಅಂದ್ರು. ತಮ್ಮ ಪೂರ್ತಿ ಒಪ್ಪಿಲ್ಲ. ಸೋಮವಾರ ಜೆಸಿಬಿ ಬರುತ್ತೆ, ಅದನ್ನ ಗೊತ್ತು ಮಾಡಿದ್ದು ಮಾತ್ರ ಅವನೇ.

ಬಿಯೆಲ್ಸಾ ಇನ್ನೊಂದು ವರ್ಷ ಇರ್ತಾರೆ ಅಂತ 2019ರಲ್ಲಿ ಖಚಿತವಾಗಿತ್ತು. ಆಗಸ್ಟಿಗೆ ಹೊಸ ಸೀಸನ್ ಶುರು. ಇದನ್ನ ಬರೀತಿರೋ 2019ರ ಜೂನ್ ತಿಂಗಳಲ್ಲಿ ನಮ್ಮೂರಿಗೆ ಇನ್ನೂ ಹದ ಮಳೆ ಆಗಿಲ್ಲ. ಬಿತ್ತನೆ ರಾಗಿ ತಂದಿಟ್ಟಿದ್ದೀವಿ.