ಎದ್ದು ಬಂದವನ ಗಾಯಗಳು

ಸತ್ತು ಎದ್ದ ಮೇಲೆ ಯೇಸು ಮಾಡಿದ್ದೆಂದು ಸುವಾರ್ತೆಗಳು ಹೇಳುವ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಅಡುಗೆ. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಗಲಿಲಾಯದ ಕೆರೆಯಂಥ ಆ ಸಮುದ್ರದಲ್ಲಿ ಏಳು ಮಂದಿ ಶಿಷ್ಯರು ರಾತ್ರಿಯಿಡೀ ಬಲೆ ಬೀಸಿ ಒಂದು ಮೀನೂ ಸಿಗದೆ ಸೋತಿದ್ದಾರೆ. ಬೆಳಗಾಗುವಾಗ ದಡದಲ್ಲಿ ಯಾರೋ ನಿಂತು, ದೋಣಿಯ ಬಲಗಡೆ ಬಲೆ ಹಾಕಿ ನೋಡಿ ಎನ್ನುತ್ತಾನೆ. ಹಾಕಿದರೆ 153 ದೊಡ್ಡ ಮೀನು. ಎಳೆದುಕೊಂಡು ದಡಕ್ಕೆ ಬಂದರೆ ಅಲ್ಲಿ ಕೆಂಡದ ಮೇಲೆ ಆಗಲೇ ಮೀನು ಬೇಯುತ್ತಿದೆ, ರೊಟ್ಟಿಯೂ ಇದೆ. ಬನ್ನಿ, ತಿನ್ನಿ ಎಂದು ಕರೆದು ತನ್ನ ಕೈಯಾರೆ ಬಡಿಸುತ್ತಾನೆ. ಮರಣವನ್ನು ಗೆದ್ದವನು ರೋಮಿನ ಅಧಿಪತಿ ಪಿಲಾತನ ಅರಮನೆಯ ಬಾಗಿಲಿಗೆ ಹೋಗಿ ನಿಲ್ಲಲಿಲ್ಲ, ಮಹಾಯಾಜಕ ಕಾಯಫನನ್ನು ಹುಡುಕಿಕೊಂಡು ಹೋಗಿ ಈಗೇನು ಹೇಳುತ್ತೀ ಎಂದು ಕೇಳಲಿಲ್ಲ. ಹಸಿದು ನಿದ್ದೆಗೆಟ್ಟ ಬೆಸ್ತರಿಗೆ ಬೆಳಗಿನ ತಿಂಡಿ ಮಾಡಿಟ್ಟ. ಈ ಒಂದು ಮಾತಿಗಾಗಿಯೇ ಆ ಅಧ್ಯಾಯವನ್ನು ಮತ್ತೆ ಮತ್ತೆ ಓದುತ್ತೇನೆ.

ಆ ಕೆಂಡದ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಡೀ ಹೊಸ ಒಡಂಬಡಿಕೆಯಲ್ಲಿ ಇದ್ದಲಿನ ಬೆಂಕಿ ಬರುವುದು ಎರಡೇ ಕಡೆ, ಎರಡೂ ಯೋಹಾನನಲ್ಲೇ. ಮೊದಲನೆಯದು ಯೇಸುವನ್ನು ಹಿಡಿದ ರಾತ್ರಿ, ಮಹಾಯಾಜಕನ ಅಂಗಳದಲ್ಲಿ. ಚಳಿ ಇತ್ತು, ಆಳುಗಳು ಬೆಂಕಿ ಹಾಕಿ ಕಾಯಿಸಿಕೊಳ್ಳುತ್ತಿದ್ದರು, ಪೇತ್ರನೂ ಅವರೊಂದಿಗೆ ನಿಂತಿದ್ದ. ಅಲ್ಲೇ ಅವನು ಮೂರು ಸಲ ನಾನು ಯೇಸುವಿನ ಶಿಷ್ಯನಲ್ಲ ಎಂದದ್ದು. ಈಗ ದಡದಲ್ಲಿ ಮತ್ತೆ ಅದೇ ಬೆಂಕಿ, ಎದುರಿಗೆ ಅದೇ ಪೇತ್ರ. ಊಟ ಮುಗಿದ ಮೇಲೆ ಯೇಸು ಅವನನ್ನು ಕೇಳುವ ಪ್ರಶ್ನೆಯೂ ಒಂದೇ, ನನ್ನ ಮೇಲೆ ಪ್ರೀತಿ ಇದೆಯೇ ಎಂದು, ಮತ್ತು ಕೇಳುವುದು ಮೂರು ಸಲ. ಮೂರನೆಯ ಸಲ ಪೇತ್ರನಿಗೆ ನೋವಾಯಿತು ಎಂದು ಯೋಹಾನ ಬರೆಯುತ್ತಾನೆ. ಆಗದೆ ಇರುತ್ತದೆಯೇ? ಹೋಗಲಿ ಬಿಡು, ಆದದ್ದು ಆಯಿತು ಎಂದು ಬೆನ್ನು ತಟ್ಟಿದ್ದರೆ ಪೇತ್ರನಿಗೆ ಹಗುರವಾಗುತ್ತಿತ್ತು, ಆದರೆ ಆ ಮೂರು ಮಾತುಗಳು ಒಳಗೆ ಹಾಗೇ ಉಳಿಯುತ್ತಿದ್ದವು. ಕ್ಷಮೆ ಸಿಕ್ಕಿದ್ದು ಗಾಯವನ್ನು ಮುಚ್ಚಿ ಅಲ್ಲ, ಮುಟ್ಟಿ.

ಪುನರುತ್ಥಾನ ಎಂದರೆ ಶುಕ್ರವಾರದ ನೋವನ್ನು ಭಾನುವಾರ ಬಂದು ಅಳಿಸಿ ಹಾಕಿತು ಎಂದು ತಿಳಿಯುವವರು ಬಹಳ. ಸಭೆಗಳೊಳಗೂ ಹಾಗೆ ತಿಳಿಯುವವರಿದ್ದಾರೆ. ಸುವಾರ್ತೆಗಳು ಹೇಳುವುದು ಬೇರೆಯೇ. ಎದ್ದು ಬಂದ ದೇಹದ ಮೇಲೆ ಮೊಳೆಯ ಗುರುತುಗಳು ಇದ್ದವು, ಪಕ್ಕೆಯಲ್ಲಿ ಈಟಿಯ ಇರಿತವೂ ಇತ್ತು. ಮರಣವನ್ನೇ ದಾಟಿಸಿದ ದೇವರಿಗೆ ಆ ನಾಲ್ಕೈದು ಗಾಯಗಳನ್ನು ಮಾಯಿಸುವುದು ಕಷ್ಟವಿತ್ತೇ? ಆದರೂ ಯೇಸು ಅವನ್ನು ಉಳಿಸಿಕೊಂಡೇ ಬಂದ. ಗುರುತು ಹಿಡಿಯಲು ಶಿಷ್ಯರಿಗೆ ತೋರಿಸಿದ್ದೂ ಮುಖವನ್ನಲ್ಲ, ಕೈಗಳನ್ನು.

ಇಲ್ಲಿ ತೋಮನ ಪರವಾಗಿ ಒಂದು ಮಾತು ಹೇಳಲೇಬೇಕು. ಅನುಮಾನದ ತೋಮ ಎಂದು ಅವನ ಹೆಸರನ್ನು ಎರಡು ಸಾವಿರ ವರ್ಷದಿಂದ ಕೆಡಿಸಿದ್ದೇವೆ. ಅವನು ಕೇಳಿದ್ದಾದರೂ ಏನು? ಆಕಾಶದಲ್ಲಿ ಒಂದು ಅದ್ಭುತ ತೋರಿಸು ಎಂದಲ್ಲ, ಗಾಯಗಳನ್ನು ನೋಡಬೇಕು ಎಂದ. ಗಾಯವಿಲ್ಲದ ಕ್ರಿಸ್ತ ತನ್ನ ಗುರುವಲ್ಲ ಎಂಬುದು ಅವನಿಗೆ ಗೊತ್ತಿತ್ತು. ಇಟಲಿಯ ಕಾರವಾಜ್ಜೊ ಬರೆದ ಪ್ರಸಿದ್ಧ ಚಿತ್ರದಲ್ಲಿ ತೋಮನ ಬೆರಳು ಪಕ್ಕೆಯ ಗಾಯದೊಳಕ್ಕೇ ಹೋಗಿದೆ. ಯೋಹಾನನಲ್ಲಿ ಮಾತ್ರ ಅವನು ಮುಟ್ಟಿದ ಎಂಬ ಮಾತಿಲ್ಲ. ಮುಟ್ಟಿ ನೋಡು ಎಂದು ಕೈ ನೀಡಿದ್ದಷ್ಟೇ, ಅಷ್ಟಕ್ಕೇ ಅವನು ನನ್ನ ಕರ್ತನೇ, ನನ್ನ ದೇವರೇ ಎಂದುಬಿಟ್ಟ. ಸುವಾರ್ತೆಯಲ್ಲಿ ಶಿಷ್ಯರಲ್ಲಿ ಬೇರೆ ಯಾರೂ ಅಷ್ಟು ದೊಡ್ಡ ಮಾತು ಆಡಿಲ್ಲ. ಕ್ರಿ.ಶ. 52ರಲ್ಲಿ ಮಲಬಾರಿಗೆ ಬಂದಿಳಿದ, ಮೈಲಾಪುರದಲ್ಲಿ ಪ್ರಾಣ ಬಿಟ್ಟ ಎಂದು ನಮ್ಮ ನೆರೆಯ ಕೇರಳದ ಕ್ರೈಸ್ತರು ತಲೆಮಾರುಗಳಿಂದ ನಂಬಿಕೊಂಡು ಬಂದಿರುವುದು ಇವನನ್ನೇ. ನಮ್ಮ ಕಡೆಗೆ ಬಂದ ಅಪೊಸ್ತಲ ಗಾಯವನ್ನು ಕೇಳಿ ಪಡೆದವನು ಎಂಬುದು ನನಗೆ ಸಂತೋಷದ ವಿಷಯ.

ಈ ನೆಲದಲ್ಲಿ ಬೆಳೆದ ನಮಗೆ ದೇಹದ ಬಗ್ಗೆ ಇಷ್ಟೊಂದು ಪಟ್ಟು ವಿಚಿತ್ರವಾಗಿ ಕಾಣುವುದು ಸಹಜ. ದೇಹ ಬಟ್ಟೆ, ಹರಿದ ಮೇಲೆ ಬಿಸುಟು ಹೊಸದನ್ನು ಉಡುವುದು ಎಂಬ ಗೀತೆಯ ಮಾತು ಸಾವಿನ ಮನೆಯಲ್ಲಿ ಎಷ್ಟೋ ಜನರನ್ನು ತಡೆದು ನಿಲ್ಲಿಸಿದೆ, ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಕ್ರೈಸ್ತ ನಂಬಿಕೆ ಇನ್ನೊಂದು ದಾರಿ ಹಿಡಿಯಿತು. ದೇವರು ಆ ಹರಿದ ಬಟ್ಟೆಯನ್ನೇ ಕೈಬಿಡುವುದಿಲ್ಲ ಎಂದಿತು. ಗ್ರೀಕರಿಗೂ ಇದು ಹಿಡಿಸಲಿಲ್ಲ. ದೇಹದ ಸೆರೆಯಿಂದ ಆತ್ಮ ಬಿಡುಗಡೆಯಾಗುತ್ತದೆ ಎಂದು ಪ್ಲೇಟೋನಿಂದ ಕಲಿತವರು ಅವರು. ಅಥೇನೆಯ ಅರಿಯೊಪಾಗದಲ್ಲಿ ಅಪೊಸ್ತಲ ಪೌಲ ದೇವರ ಬಗ್ಗೆ ಹೇಳುವವರೆಗೂ ಕೇಳಿಸಿಕೊಂಡು, ಸತ್ತವರು ಏಳುವ ಮಾತು ಬಂದೊಡನೆ ಕೆಲವರು ನಕ್ಕುಬಿಟ್ಟರಂತೆ. ಹಾಗೆಂದು ಇದು ಹೆಣಕ್ಕೆ ಮತ್ತೆ ಉಸಿರು ಬಂದ ಕತೆಯೂ ಅಲ್ಲ. ಯೇಸು ಸಮಾಧಿಯಿಂದ ಕರೆದ ಲಾಜರನಿಗೆ ಹಾಗೆ ಉಸಿರು ಬಂತು, ಅವನು ಮುಂದೊಂದು ದಿನ ಮತ್ತೆ ಸಾಯಲೇಬೇಕಿತ್ತು. ಯೇಸು ಮತ್ತೆ ಸಾಯದ ಕಡೆಗೆ ಎದ್ದ. ಅದೇ ದೇಹ, ಆದರೆ ಹಳೆಯ ದೇಹದಂತಲ್ಲ. ಮೀನು ತಿನ್ನುತ್ತಾನೆ, ಮುಚ್ಚಿದ ಬಾಗಿಲೊಳಗೆ ಬಂದು ನಿಲ್ಲುತ್ತಾನೆ, ಎಮ್ಮಾಹುವಿನ ದಾರಿಯಲ್ಲಿ ಜೊತೆಗೆ ನಡೆದ ಇಬ್ಬರಿಗೂ ರೊಟ್ಟಿ ಮುರಿಯುವ ತನಕ ಗುರುತು ಸಿಗುವುದಿಲ್ಲ.

ಈಸ್ಟರ್ ಮುಂಜಾನೆ ಗೋರಿಗಳ ನಡುವೆ ನಿಂತು ಆರಾಧನೆ ಮಾಡುವ ಪದ್ಧತಿ ಹುಟ್ಟಿದ್ದೂ ದೇಹದ ಮೇಲಿನ ಈ ಗೌರವದಿಂದಲೇ. ಜರ್ಮನಿಯ ಹೆರ್ನ್‌ಹೂಟ್ ಎಂಬ ಊರಿನಲ್ಲಿ 1732ರಲ್ಲಿ ಮೊರೇವಿಯನ್ ಸಭೆಯ ಯುವಕರು ಸೂರ್ಯೋದಯಕ್ಕೆ ಮೊದಲು ಊರ ಸ್ಮಶಾನಕ್ಕೆ ಹೋಗಿ ಹಾಡಿದರು. ಸತ್ತವರನ್ನು ಇಟ್ಟ ಜಾಗ ನಿರೀಕ್ಷೆಯ ಜಾಗವಾಗಬೇಕಾದರೆ ಆ ಮಣ್ಣಿನಲ್ಲಿರುವುದು ದೇವರಿಗೆ ಬೇಡವಾದ ವಸ್ತುವಾಗಿರಲು ಸಾಧ್ಯವಿಲ್ಲ.

ಸತ್ತವರು ಏಳುತ್ತಾರೆ ಎಂಬ ಈ ನಂಬಿಕೆ ಎಲ್ಲಿಂದ ಬಂತು? ಯೇಸುವಿಗಿಂತ ಮೊದಲೇ ಯೆಹೂದ್ಯರಲ್ಲಿ ಇತ್ತು. ಫರಿಸಾಯರು ಒಪ್ಪುತ್ತಿದ್ದರು, ಸದ್ದುಕಾಯರು ಒಪ್ಪುತ್ತಿರಲಿಲ್ಲ. ಅದು ಬಲಿತದ್ದು ಕ್ರಿ.ಪೂ. 2ನೆಯ ಶತಮಾನದಲ್ಲಿ, ಅಂತಿಯೋಕಸ್ ಎಂಬ ಗ್ರೀಕ್ ದೊರೆಯ ಹಿಂಸೆಯ ಕಾಲದಲ್ಲಿ. ಮಕ್ಕಬಿಯರ ಎರಡನೆಯ ಪುಸ್ತಕದಲ್ಲಿ ಒಬ್ಬ ತಾಯಿ, ಅವಳ ಏಳು ಗಂಡುಮಕ್ಕಳ ಕತೆ ಇದೆ. ಧರ್ಮ ಬಿಡಲೊಲ್ಲದ ಒಬ್ಬೊಬ್ಬ ಮಗನನ್ನೂ ಅವಳ ಕಣ್ಣೆದುರೇ ಕೊಲ್ಲುತ್ತಾರೆ. ಮೂರನೆಯವನು ತಾನಾಗಿ ಎರಡು ಕೈಗಳನ್ನು ಮುಂದೆ ಚಾಚಿ, ಇವನ್ನು ಕೊಟ್ಟವನು ದೇವರು, ಅವನಿಂದಲೇ ಮತ್ತೆ ಪಡೆಯುತ್ತೇನೆ ಎಂಬ ಭರವಸೆಯಲ್ಲಿ ಸಾಯುತ್ತಾನೆ. ಓದುವಾಗ ಎದೆ ಕಟ್ಟಿ ಬರುತ್ತದೆ. ಪುನರುತ್ಥಾನದ ವಿಚಾರ ಬಲಿತದ್ದು ಸುಖವಾಗಿ ಬಾಳಿದವರು ಇನ್ನಷ್ಟು ಬಾಳಬೇಕೆಂದು ಬಯಸಿದ್ದರಿಂದಲ್ಲ. ಅನ್ಯಾಯವಾಗಿ ಕೊಲ್ಲಲ್ಪಟ್ಟವರ ಗತಿಯೇನು, ಕೊಂದವನ ಮಾತೇ ಕೊನೆಯ ಮಾತೇ ಎಂಬ ಪ್ರಶ್ನೆಯಿಂದ.

ಶಿಲುಬೆ ರೋಮಿನವರ ತೀರ್ಪಾಗಿತ್ತು. ಗುಲಾಮರಿಗೂ ದಂಗೆ ಎದ್ದವರಿಗೂ ಮೀಸಲಾದ, ಊರೆಲ್ಲ ನೋಡಲೆಂದು ಬೆತ್ತಲೆ ಮಾಡಿ ತೂಗುಹಾಕುವ ಶಿಕ್ಷೆ ಅದು. ಚರ್ಚಿನ ಮೆಟ್ಟಿಲು ಹತ್ತದ ಕನ್ನಡಿಗರಿಗೂ ಆ ಶುಕ್ರವಾರದ ಸಂಕಟ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ದಿಂದ ಗೊತ್ತು. ದೇವರು ಯೇಸುವನ್ನು ಎಬ್ಬಿಸಿದ ಎಂದಾಗ ಮೊದಲ ಕ್ರೈಸ್ತರು ಹೇಳುತ್ತಿದ್ದುದು ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು ಎಂಬುದನ್ನು. ಗಾಯಗಳು ಉಳಿಯಬೇಕಾದದ್ದೂ ಅದಕ್ಕೇ ಎಂದು ನನಗನಿಸುತ್ತದೆ. ಅಳಿಸಿಬಿಟ್ಟರೆ ಕೊಂದವರ ಕೆಲಸ ಸುಲಭವಾಗುತ್ತದೆ, ಏನೂ ನಡೆದೇ ಇಲ್ಲ ಎನ್ನಬಹುದು.

ಇಷ್ಟು ದೊಡ್ಡ ಸಂಗತಿಯನ್ನು ಕಂಡವರು ಯಾರು? ಎದ್ದ ಆ ಗಳಿಗೆಯನ್ನು ಯಾರೂ ಕಾಣಲಿಲ್ಲ. ನಾಲ್ಕು ಸುವಾರ್ತೆಗಳಲ್ಲಿ ಒಂದೂ ಅದನ್ನು ವರ್ಣಿಸುವುದಿಲ್ಲ, ಈ ಸಂಯಮ ನನಗೆ ನಂಬಿಕೆ ಹುಟ್ಟಿಸುತ್ತದೆ. ಬರಿದಾದ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು, ಆ ಕಾಲದಲ್ಲಿ ಅವರ ಸಾಕ್ಷಿಗೆ ಹೆಚ್ಚು ಬೆಲೆಯಿರಲಿಲ್ಲ. ಲೂಕನಲ್ಲಿ ಅವರು ಬಂದು ಹೇಳಿದ್ದು ಅಪೊಸ್ತಲರಿಗೇ ಹುಚ್ಚು ಮಾತಾಗಿ ಕಂಡಿತು. ಎರಡನೆಯ ಶತಮಾನದಲ್ಲಿ ಕೆಲ್ಸಸ್ ಎಂಬ ಪಂಡಿತ, ಅರೆಹುಚ್ಚಿಯೊಬ್ಬಳ ಮಾತು ಕಟ್ಟಿಕೊಂಡು ನಂಬಿದಿರಿ ಎಂದು ಹಂಗಿಸಿದ. ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಸಾಕ್ಷಿಗಳ ಪಟ್ಟಿ ಕೊಡುವಾಗ ಹೆಂಗಸರ ಹೆಸರೇ ಇಲ್ಲ. ಕತೆ ಕಟ್ಟುವವರು ಇಂಥ ಸಾಕ್ಷಿಗಳನ್ನು ಆರಿಸಿಕೊಳ್ಳುತ್ತಿರಲಿಲ್ಲ. ಮಗ್ದಲದ ಮರಿಯಳು ತೋಟದಲ್ಲಿ ಅಳುತ್ತಾ ನಿಂತು, ಎದುರಿಗಿದ್ದವನನ್ನು ತೋಟಗಾರನೆಂದುಕೊಂಡು, ಹೆಣ ಎಲ್ಲಿಟ್ಟೆ ಹೇಳು, ನಾನೇ ತೆಗೆದುಕೊಂಡು ಹೋಗುತ್ತೇನೆ ಎನ್ನುತ್ತಾಳೆ. ಅವನು ಮರಿಯಾ ಎಂದು ಹೆಸರು ಹಿಡಿದು ಕರೆದಾಗಲಷ್ಟೇ ಅವಳಿಗೆ ತಿಳಿಯುವುದು. ಮಾರ್ಕನ ಸುವಾರ್ತೆಯ ಹಳೆಯ ಹಸ್ತಪ್ರತಿಗಳು ಮುಗಿಯುವುದೇ ಸಮಾಧಿಯಿಂದ ನಡುಗುತ್ತಾ ಓಡಿ, ಹೆದರಿಕೆಯಿಂದ ಯಾರಿಗೂ ಏನೂ ಹೇಳದ ಹೆಂಗಸರೊಂದಿಗೆ. ಮುಂದಿನ ವಚನಗಳು ಆಮೇಲೆ ಸೇರಿದವು. ಆ ಹೆದರಿಕೆ ಸಹಜವಾದದ್ದು. ಸತ್ತವರು ಸತ್ತೇ ಇರುತ್ತಾರೆ ಎಂಬುದರ ಮೇಲಲ್ಲವೇ ನಮ್ಮ ಎಲ್ಲ ಲೆಕ್ಕಾಚಾರ ನಿಂತಿರುವುದು.

ಚಿತ್ರಕಾರರಿಗೆ ಮಾತ್ರ ಸುಮ್ಮನಿರಲು ಆಗಲಿಲ್ಲ. ಪಶ್ಚಿಮದವರು ಸಾಮಾನ್ಯವಾಗಿ ಬರೆದದ್ದು ಧ್ವಜ ಹಿಡಿದು ಗೋರಿಯಿಂದ ಒಬ್ಬನೇ ಮೇಲೇಳುವ ಕ್ರಿಸ್ತನನ್ನು. ಪೂರ್ವದ ಸಭೆಗಳ ಚಿತ್ರ ಬೇರೆ, ನನಗೆ ಅದೇ ಹೆಚ್ಚು ಸರಿ ಎನಿಸುತ್ತದೆ. ಇಸ್ತಾಂಬುಲಿನ ಖೋರಾ ಎಂಬ ಹಳೆಯ ಚರ್ಚಿನಲ್ಲಿ (ಬಳಿಕ ಮಸೀದಿಯಾಗಿ, ವಸ್ತುಸಂಗ್ರಹಾಲಯವಾಗಿ, 2024ರಿಂದ ಮತ್ತೆ ಮಸೀದಿಯಾಗಿದೆ) ಗೋರಿಗಳಿಗೆಂದೇ ಕಟ್ಟಿದ ಪಕ್ಕದ ಪ್ರಾರ್ಥನಾಲಯದ ಕೊನೆಯಲ್ಲಿ 1315–21ರ ಸುಮಾರಿಗೆ ಬರೆದ ಭಿತ್ತಿಚಿತ್ರವಿದೆ. ಬಿಳಿಯುಡುಗೆಯ ಕ್ರಿಸ್ತ ಕಾಲು ಅಗಲಿಸಿ ಊರಿ ನಿಂತಿದ್ದಾನೆ. ಒಂದು ಕೈ ಆದಾಮನ ಮಣಿಕಟ್ಟಿನ ಮೇಲೆ, ಇನ್ನೊಂದು ಹವ್ವಳ ಮಣಿಕಟ್ಟಿನ ಮೇಲೆ. ಬೆರಳಿಗೆ ಬೆರಳು ಸೇರಿಸಿಲ್ಲ. ಹಿಡಿದುಕೊಳ್ಳುವ ಶಕ್ತಿ ಅವರಲ್ಲಿ ಇಲ್ಲ, ಎಳೆಯುವ ಕೆಲಸವೆಲ್ಲ ಅವನದೇ. ಎಳೆದ ರಭಸಕ್ಕೆ ಆದಾಮನ ಬಟ್ಟೆ ಹಿಂದಕ್ಕೆ ಹಾರಿದೆ. ಕೆಳಗೆ ಪಾತಾಳದ ಬಾಗಿಲುಗಳು ಮುರಿದು ಬಿದ್ದಿವೆ, ಸುತ್ತ ಬೀಗ, ಕೀಲಿಕೈ, ಚಿಲಕಗಳ ಚೂರು. ಹವ್ವಳ ಹಿಂದೆ ಹೇಬೆಲ ಇದ್ದಾನೆ, ಕುರುಬನ ಕೋಲು ಹಿಡಿದು. ಬೈಬಲಿನಲ್ಲಿ ಕೊಲೆಯಾದ ಮೊದಲ ಮನುಷ್ಯ ಅವನು. ಅವನನ್ನು ಅಲ್ಲಿ ನಿಲ್ಲಿಸಿದ ಆ ಹೆಸರು ಗೊತ್ತಿಲ್ಲದ ಚಿತ್ರಕಾರನಿಗೆ ನಾನು ಕೈಮುಗಿಯುತ್ತೇನೆ.

ಯೇಸು ಒಬ್ಬನೇ ಎದ್ದಿದ್ದರೆ ಅದು ಅವನೊಬ್ಬನ ಪವಾಡವಾಗಿ ಉಳಿಯುತ್ತಿತ್ತು. ಪೌಲ ಅವನನ್ನು ಪ್ರಥಮಫಲ ಎನ್ನುತ್ತಾನೆ. ಮೊದಲ ಸಿವುಡನ್ನು ದೇವಾಲಯಕ್ಕೆ ಒಯ್ಯುವುದು ಉಳಿದ ಪೈರು ಹೊಲದಲ್ಲಿ ಬಲಿತು ನಿಂತಿದೆ ಎಂಬ ಧೈರ್ಯದಿಂದ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆಯನ್ನು ಚರ್ಚಿಗೆ ಒಯ್ದು ಮನೆಗೆ ತರುವ ಮಂಗಳೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೀಗೆ ನಂಬಿದವರು ಈ ಲೋಕವನ್ನು ಕಡೆಗಣಿಸುತ್ತಾರೆ ಎಂಬ ಆಕ್ಷೇಪ ಇದೆ, ಅದಕ್ಕೆ ಕಾರಣವಾಗುವಂತೆ ನಡೆದುಕೊಂಡವರೂ ಇದ್ದಾರೆ. ಡೀಟ್ರಿಚ್ ಬೊನ್‌ಹಾಫರ್ ಎಂಬ ಜರ್ಮನ್ ಪಾದ್ರಿ ಹಿಟ್ಲರನ ಸೆರೆಮನೆಯಿಂದ 1944ರ ಜೂನಿನಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಇದಕ್ಕೆ ತಿರುಗಿಸಿ ಉತ್ತರ ಕೊಟ್ಟ: ಪುನರುತ್ಥಾನದ ಭರವಸೆ ಮನುಷ್ಯನನ್ನು ಈ ಭೂಮಿಯ ಬಾಳಿಗೇ ಮರಳಿ ಕಳಿಸುತ್ತದೆ, ಹೊಸ ಬಗೆಯಲ್ಲಿ ಕಳಿಸುತ್ತದೆ ಎಂದು. 1945ರಲ್ಲಿ ಈಸ್ಟರ್ ಏಪ್ರಿಲ್ 1ಕ್ಕೆ ಬಿತ್ತು. ಮರುವಾರದ ಭಾನುವಾರ ಅವನು ಜೊತೆಯ ಕೈದಿಗಳಿಗೆ ಆರಾಧನೆ ನಡೆಸಿಕೊಟ್ಟ. ಮುಗಿಯುತ್ತಿದ್ದಂತೆ ಕರೆ ಬಂತು, ಮರುದಿನ ಬೆಳಿಗ್ಗೆ ಫ್ಲಾಸೆನ್‌ಬ್ಯುರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಿದರು. ಅವನಿಗೆ 39 ವರ್ಷ.

ಪೌಲನ ಆ ಕೊರಿಂಥದ ಪತ್ರಕ್ಕೇ ಬರುತ್ತೇನೆ. ಕ್ರಿ.ಶ. 50ರ ದಶಕದ್ದು, ಸುವಾರ್ತೆಗಳಿಗಿಂತ ಹಳೆಯದು. ಅದರ ಹದಿನೈದನೆಯ ಅಧ್ಯಾಯದ 58 ವಚನಗಳೂ ಪುನರುತ್ಥಾನದ ಬಗ್ಗೆಯೇ. ಕ್ರಿಸ್ತ ಏಳದಿದ್ದರೆ ನಾವು ಸಾರುವುದೂ ವ್ಯರ್ಥ, ನೀವು ನಂಬುವುದೂ ವ್ಯರ್ಥ ಎಂದು ಎಲ್ಲವನ್ನೂ ಪಣಕ್ಕಿಟ್ಟು ವಾದಿಸುತ್ತಾನೆ, ಕೊನೆಗೆ ಮರಣವನ್ನೇ ಎದುರು ನಿಲ್ಲಿಸಿ ಸವಾಲು ಹಾಕುತ್ತಾನೆ. ಆ ಎತ್ತರದಿಂದ ನೇರವಾಗಿ ಇಳಿಯುವುದು ಎಲ್ಲಿಗೆ ಗೊತ್ತೇ? ಚಂದಾ ಹಣಕ್ಕೆ. ಅಧ್ಯಾಯಗಳ ಗೆರೆ ಎಳೆದದ್ದು ಶತಮಾನಗಳ ನಂತರ. ಅವನ ಪತ್ರದಲ್ಲಿ ಒಂದರ ಬೆನ್ನಿಗೇ ಇನ್ನೊಂದು. ಯೆರೂಸಲೇಮಿನ ಬಡವರಿಗಾಗಿ ವಾರದ ಮೊದಲನೆಯ ದಿನ, ಅಂದರೆ ಯೇಸು ಎದ್ದ ದಿನ, ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ಒಂದಿಷ್ಟು ತೆಗೆದಿಡಲಿ, ನಾನು ಬಂದ ಮೇಲೆ ವಸೂಲಿ ಶುರುವಾಗುವುದು ಬೇಡ ಎಂದು ಬರೆಯುತ್ತಾನೆ. ಯಾರ ಕೈಯಲ್ಲಿ ಕಳಿಸಬೇಕು ಎಂಬುದನ್ನೂ ನೀವೇ ಆರಿಸಿ, ನಾನು ಪತ್ರ ಕೊಟ್ಟು ಕಳಿಸುತ್ತೇನೆ ಎನ್ನುತ್ತಾನೆ. ಹಣದ ವಿಷಯದಲ್ಲಿ ಅಷ್ಟು ಎಚ್ಚರ. ಕೊನೆಗೆ ಅವನೇ ಆ ಹಣದೊಂದಿಗೆ ಯೆರೂಸಲೇಮಿಗೆ ಹೊರಟ. ಹೋಗಬೇಡ, ಅಲ್ಲಿ ಹಿಡಿದು ಕಟ್ಟುತ್ತಾರೆ ಎಂದು ಗೆಳೆಯರು ದಾರಿಯುದ್ದಕ್ಕೂ ಅತ್ತು ತಡೆದರು. ಅವನು ಹೋದ. ದೇವಾಲಯದಲ್ಲಿ ಅವನನ್ನು ಹಿಡಿದರು, ಎರಡು ವರ್ಷ ಕೈಸರೈಯದಲ್ಲಿ ಸೆರೆಯಿಟ್ಟರು, ಆಮೇಲೆ ಕೈದಿಯಾಗಿ ಹಡಗು ಹತ್ತಿಸಿ ರೋಮಿಗೆ ಕಳಿಸಿದರು.