ಇಂಚು ಇಂಗಿದರೆ ಅಡಿ

ಅಂತರ್ಜಲ ಓದಿದವನು ಎಂದು ಹೇಳಿಕೊಂಡು ಮಂಡ್ಯ ಸೀಮೆಯ ಮದುವೆಮನೆಗೆ ಹೋಗಬಾರದು. ಎಲೆ ಹಾಕುವಷ್ಟರಲ್ಲಿ ಯಾರಾದರೊಬ್ಬರು ಪಕ್ಕಕ್ಕೆ ಬಂದು, "ನಮ್ ಹೊಲುಕ್ಕೂ ಬಂದು ಒಂದ್ ಪಾಯಿಂಟ್ ಮಾಡ್ಕೊಡಿ ಸಾ" ಅನ್ನುತ್ತಾರೆ. ಪಾಯಿಂಟ್ ಮಾಡುವುದು ನನ್ನ ಕೆಲಸವಲ್ಲ, ನೆಲದಡಿಯ ನೀರು ಹೇಗೆ ಹರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತೇನೆ ಎಂದರೆ, "ಅಂದ್ರೆ ಕಾಯಿ ಹಿಡಿಯಾಕ್ ಬರಕಿಲ್ವಾ?" ಎಂದು ಮರುಕದಿಂದ ನೋಡಿ ಪಾಯಸದ ಕಡೆ ತಿರುಗುತ್ತಾರೆ.

ಅಂಗೈ ಮೇಲೆ ತೆಂಗಿನಕಾಯಿ ನೆಟ್ಟಗೆ ನಿಂತರೆ ನೀರಿದೆ ಎನ್ನುವವರಿಗಿರುವ ಗಿರಾಕಿ ನನಗಿಲ್ಲ. ಹಾಗೆಂದು ನೀರು ಹುಡುಕಿದ ಹಳಬರನ್ನು ಹೀಗಳೆಯಲಾರೆ. ಯಾವ ಮರದ ಪಕ್ಕ ಹುತ್ತವಿದ್ದರೆ ಎಷ್ಟು ಆಳಕ್ಕೆ ನೀರು ಎಂದು ಆರನೇ ಶತಮಾನದ ವರಾಹಮಿಹಿರ 'ಬೃಹತ್ಸಂಹಿತೆ'ಯಲ್ಲಿ ಪಟ್ಟಿ ಕೊಟ್ಟಿದ್ದಾನೆ. 1025ರ ಸುಮಾರಿಗೆ ಚಾವುಂಡರಾಯ ಕನ್ನಡದಲ್ಲೇ ಬರೆದ 'ಲೋಕೋಪಕಾರ'ದಲ್ಲೂ ಈ ವಿದ್ಯೆಗೆ ಜಾಗವಿದೆ. ಇವರೆಲ್ಲ ಕೇಳಿದ್ದು, ನೀರು ಎಲ್ಲಿದೆ ಎಂದು. ನಾನು ಕೇಳಬೇಕಾದದ್ದು ಬೇರೆ: ಆ ನೀರು ಎಲ್ಲಿಂದ ಬಂತು, ಎತ್ತಿದರೆ ಯಾರಿಗೆ ತಪ್ಪುತ್ತದೆ?

ಆ ಪ್ರಶ್ನೆ ನನಗೆ ಸಿಕ್ಕಿದ್ದು ಮನೆಯಲ್ಲೇ. ಅಪ್ಪನದು ನಾಗಮಂಗಲ ಕಡೆ, ಅವ್ವನದು ಪಾಂಡವಪುರದ ನಾಲೆ ಬಯಲು. "ನೀರಿಲ್ಲದೂರ್ಗೆ ಕೊಟ್ಬುಟ್ರು" ಎಂಬುದು ಅವ್ವನ ದಿನದ ಪಲ್ಲವಿ. ಅಜ್ಜಿಯ ಮನೆಯ ಬಾವಿಗೆ ಬಗ್ಗಿದರೆ ಬೇಸಿಗೆಯಲ್ಲೂ ಮುಖ ಕಾಣುತ್ತಿತ್ತು. ನಮ್ಮೂರಲ್ಲಿ ಹಗ್ಗವೆಲ್ಲ ಮುಗಿದರೂ ಕೊಡ ಮುಳುಗುತ್ತಿರಲಿಲ್ಲ. ಎರಡೂ ಕಡೆ ಬೀಳುವ ಮಳೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವೆಲ್ಲ ನಾಲೆಯದು. ಶ್ರೀರಂಗಪಟ್ಟಣದವರಿಗೆ ಹದಿನೇಳನೇ ಶತಮಾನದ ಚಿಕ್ಕದೇವರಾಯರ ಕಾಲದಿಂದಲೇ ನಾಲೆಯ ಭಾಗ್ಯ. ಕೆ.ಆರ್. ಪೇಟೆಗೆ ಹೇಮಾವತಿಯ ಮಂದಗೆರೆ, ಹೇಮಗಿರಿ ಅಣೆಗಳಿವೆ. ಕಾವೇರಿಗೆ ಅಡ್ಡಲಾಗಿ 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಮುಗಿದ ಮೇಲೆ, ಆಗ ಇರ್ವಿನ್ ನಾಲೆ ಎನ್ನುತ್ತಿದ್ದ ವಿಶ್ವೇಶ್ವರಯ್ಯ ನಾಲೆ ಅವ್ವನ ತವರಿನ ಕಡೆ ಬಂತು. ನಾಲೆಯಲ್ಲಿ ಹರಿದದ್ದೆಲ್ಲ ಗದ್ದೆಗೇ ಹೋಗಲಿಲ್ಲ. ಬಸಿದು ಬಸಿದು ಬಾವಿಗಳನ್ನೂ ತುಂಬಿಸಿತು, ತಗ್ಗಿನ ಗದ್ದೆಗಳನ್ನು ಜೌಗು ಮಾಡಿತು.

ಕಾಲೇಜಿನ ಹುಮ್ಮಸ್ಸಿನಲ್ಲಿ ಒಮ್ಮೆ, "ಅವ್ವಾ, ನಿನ್ ತವರಿನ ಬಾವೀಲಿರೋದು ಕೊಡಗಿನ ಮಳೆ" ಅಂದೆ. ಅವಳು ರಾಗಿ ಕೇರುವುದನ್ನು ನಿಲ್ಲಿಸಲೂ ಇಲ್ಲ. "ಎಲ್ಲಿಂದಾದ್ರೂ ಬಂತಲ್ಲ. ನಿಮ್ಮಪ್ಪನೂರಿಗೆ ಅದೂ ಬರ್ಲಿಲ್ಲ."

ನನ್ನ ಅನ್ನದ ಮೂಲ ಫ್ರಾನ್ಸಿನ ದಿಜಾನ್ ಊರಿನಲ್ಲಿದೆ. ಅಲ್ಲಿಯ ಎಂಜಿನಿಯರ್ ಹೆನ್ರಿ ಡಾರ್ಸಿ ಕೊಳವೆಯಲ್ಲಿ ಮರಳು ತುಂಬಿ ನೀರು ಹಾಯಿಸಿ, 1856ರಲ್ಲಿ ಒಂದು ನಿಯಮ ಪ್ರಕಟಿಸಿದ. ಎರಡು ತುದಿಗಳ ನೀರಿನ ಮಟ್ಟದ ಅಂತರ ಹೆಚ್ಚಿದಷ್ಟೂ ಹರಿವು ಹೆಚ್ಚು. ದಾರಿ ಉದ್ದವಾದಷ್ಟೂ ಕಡಿಮೆ. ಇದೇ ನಿಯಮದ ಮೇಲೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯವರು 1984ರಲ್ಲಿ 'ಮಾಡ್‌ಫ್ಲೋ' ಎಂಬ ತಂತ್ರಾಂಶ ಹೊರತಂದರು. ಅದು ನೆಲವನ್ನು ಚೌಕ ಚೌಕವಾಗಿ ಕೊಯ್ದು, ಪ್ರತಿ ಚೌಕಕ್ಕೂ ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ಲೆಕ್ಕ ಬರೆಯುತ್ತದೆ.

ಡಾರ್ಸಿಯ ಕೊಳವೆಯಲ್ಲಿದ್ದದ್ದು ಮರಳು. ನಮ್ಮಲ್ಲಿರುವುದು ನೈಸ್ ಶಿಲೆ, ಬೇಸಿಗೆಯ ಹಿಮ್ಮಡಿಯಂತೆ ಅಲ್ಲಲ್ಲಿ ಬಿರುಕು ಬಿಟ್ಟದ್ದು. ಮೇಲಿನ ಶಿಥಿಲ ಪದರದಲ್ಲೂ ನೂರು ಘನ ಅಡಿಗೆ ಕೈಗೆ ದಕ್ಕುವ ನೀರು ಎರಡರಿಂದ ನಾಲ್ಕು ಘನ ಅಡಿ ಅಷ್ಟೆ. ಆದ್ದರಿಂದ 1 ಇಂಚು ನೀರು ಇಂಗಿದರೆ ಮಟ್ಟ ಸುಮಾರು 3 ಅಡಿ ಏರುತ್ತದೆ. ಒಂದು ಒಳ್ಳೆಯ ಹಿಂಗಾರಿಗೆ ಬಾವಿ ಉಕ್ಕಿದಂತೆ ಕಾಣುವುದು ಇದರಿಂದಲೇ. ಎತ್ತುವಾಗಲೂ ಅದೇ ಲೆಕ್ಕ: ಇಂಚು ಹೋದರೆ 3 ಅಡಿ ಇಳಿತ.

ಈ ಇಳಿತವನ್ನು ಅಳೆಯುವ ಪರಿಯನ್ನು ನಾಗಮಂಗಲದಲ್ಲಿ ನೋಡಬೇಕು. ಒಂದು ಬೋರಿನಲ್ಲಿ ಪಂಪು ಓಡಿಸಿ, ಪಕ್ಕದ ಬೋರಿನಲ್ಲಿ ಮಟ್ಟ ನೋಡಬೇಕು. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಕೇಸಿಂಗಿನೊಳಗೆ ಇಳಿಬಿಟ್ಟು ಮೇಲೆಳೆದರೆ, ಸುಣ್ಣ ಎಲ್ಲಿಯವರೆಗೆ ನೆಂದು ಕಪ್ಪಾಗಿದೆಯೋ ಅಲ್ಲಿಗೆ ನೀರು. ಬಾವಿಯಿಂದ ನೀರೆತ್ತಿದರೆ ಸುತ್ತಲಿನ ಮಟ್ಟ ಹೇಗೆ ಇಳಿಯುತ್ತದೆಂದು ಸಿ.ವಿ. ಥೈಸ್ 1935ರಲ್ಲಿ ಕೊಟ್ಟ ಸೂತ್ರಕ್ಕೆ ಈ ಅಂಕಿಗಳನ್ನು ಹಾಕಬೇಕು. ಆ ಸೂತ್ರದಲ್ಲಿ ನೆಲ ಎಲ್ಲೆಡೆ ಒಂದೇ ಸಮ, ಕೊನೆಯೇ ಇಲ್ಲದ ಹರವು, ನಡುವೆ ಒಂದೇ ಒಂದು ಬಾವಿ. ನಮ್ಮಲ್ಲಿ ತ್ರೀ ಫೇಸ್ ಕರೆಂಟು ಬರುವುದೇ ತಡ, ಸುತ್ತಲ ಹೊಲಗಳ ಆಟೊ ಸ್ಟಾರ್ಟರುಗಳೆಲ್ಲ ಟಕ್ ಟಕ್ ಎಂದು ಬಿದ್ದು ಅಷ್ಟೂ ಬೋರು ಒಟ್ಟಿಗೆ ಎದ್ದುಬಿಡುತ್ತವೆ. ನನ್ನ ಟೇಪಿನ ಗೆರೆ ಸರಸರ ಕೆಳಗಿಳಿಯುತ್ತದೆ. ಯಾವ ಇಳಿತ ಯಾವ ಬೋರಿನದೆಂದು ಬಿಡಿಸುವವರಿಲ್ಲ.

ಬಿಡಿಸಬೇಕಾಗಿಯೂ ಇಲ್ಲ ಎಂದು ಈಗ ಅನ್ನಿಸುತ್ತದೆ. ಬೋರು ಎತ್ತುವ ಪ್ರತಿ ಹನಿಯೂ ಬೇರೆ ಕಡೆ ಕಡಿಮೆಯಾಗಲೇಬೇಕು ಎಂದು ಅದೇ ಥೈಸ್ 1940ರಲ್ಲಿ ಹೇಳಿದ. ಅರ್ಕಾವತಿ ನದಿ ಬತ್ತಿದ್ದೇಕೆಂದು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ಬರೆದಾಗ, ಅವರ ಬೆರಳು ಮಳೆಗಿಂತ ಹೆಚ್ಚಾಗಿ ಬೋರುಗಳ ಮತ್ತು ನೀಲಗಿರಿ ತೋಪುಗಳ ಕಡೆ ಹೋಯಿತು. ನಮ್ಮ ಲೋಕಪಾವನಿ ಹುಟ್ಟುವುದು ಅಪ್ಪನ ನಾಗಮಂಗಲದಲ್ಲಿ. ಅವ್ವನ ಪಾಂಡವಪುರ ಹಾದು, ಶ್ರೀರಂಗಪಟ್ಟಣದ ಕರಿಘಟ್ಟದ ಬುಡದಲ್ಲಿ ಕಾವೇರಿಗೆ ಸೇರುತ್ತದೆ. ಮೇಲೆ ಕೊರೆದ ಬೋರು ಆ ಹೊಳೆಯ ಪಾಲನ್ನೂ ಕುಡಿಯುತ್ತದೆ. ಅಂತರ್ಜಲದ ವರದಿ ಮಾತ್ರ ತಾಲ್ಲೂಕುವಾರು ಬರುತ್ತದೆ. ನನ್ನ ನಕ್ಷೆಯ ಚೌಕಗಳಿಗೆ ತಾಲ್ಲೂಕು ಗೊತ್ತಿಲ್ಲ.

ಅಪ್ಪನ ಕಡೆಯ ದಾಯಾದಿಗಳು ಒಪ್ಪುವುದಿಲ್ಲ. "ನನ್ ಹೊಲದ್ ಕೆಳಗಿನ್ ನೀರು ನಂದು" ಎನ್ನುತ್ತಾರೆ. ಅವರ ಬೆನ್ನಿಗೆ 1882ರ ಅನುಭೋಗ ಹಕ್ಕಿನ ಕಾಯ್ದೆ ನಿಂತಿದೆ: ಗೊತ್ತಾದ ಕಾಲುವೆಯಲ್ಲಿ ಹರಿಯದ ನೆಲದಡಿಯ ನೀರನ್ನು ತನ್ನ ಎಲ್ಲೆಯೊಳಗೆ ಎತ್ತಿಕೊಳ್ಳುವ ಹಕ್ಕು ಜಮೀನಿನ ಒಡೆಯನದು. ಕಾಲುವೆಯೇ ಇಲ್ಲದೆ ಮರಳಿನ ಸಂದುಗಳಲ್ಲಿ ನೀರು ಹೇಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆಂದು ಡಾರ್ಸಿ ಅಳೆದು ತೋರಿಸಿ ಅಷ್ಟು ಹೊತ್ತಿಗೆ 26 ವರ್ಷ ಆಗಿತ್ತು. ಕಾಯ್ದೆ ಬರೆದವರು ಅದನ್ನು ಓದಿದ್ದರೆ, ಈ ಹೊತ್ತು ನಾಗಮಂಗಲದಲ್ಲಿ ಎಷ್ಟು ಅಡಿ ಕೊರೆಯಬೇಕು ಎಂದು ಕೇಳುವವರು ಸುತ್ತ ಎಷ್ಟು ಬೋರುಗಳಿವೆ ಎಂದೂ ಕೇಳಬೇಕಾಗುತ್ತಿತ್ತು.